ಹಡಗಿನಲ್ಲಿ ನಿದ್ದೆ ಬರಬೇಕೆ? ಮೊದಲು ಕೋಣೆ ಆರಿಸಲು ಕಲಿಯಿರಿ

ನಮ್ಮ ಸಾಗರ, ಹೊಸನಗರ ಕಡೆಯವರಿಗೆ ಇಷ್ಟು ವರ್ಷ ಹಡಗು ಎಂದರೆ ಶರಾವತಿ ಹಿನ್ನೀರಿನ ಲಾಂಚ್. ಅಂಬಾರಗೋಡ್ಲಿನಲ್ಲಿ ಬಸ್ಸು, ಜೀಪು ಸಮೇತ ಹತ್ತಿ, ಕಳಸವಳ್ಳಿಯಲ್ಲಿ ಇಳಿದು ಸಿಗಂದೂರಿಗೆ ಹೋಗುತ್ತಿದ್ದೆವು. 2025ರ ಜುಲೈನಲ್ಲಿ ಸೇತುವೆ ತೆರೆದ ಮೇಲೆ ಲಾಂಚಿಗಾಗಿ ಕಾಯುವುದು ತಪ್ಪಿತು. ಹಿನ್ನೀರಿನಲ್ಲಿ ಅಲೆ ಇಲ್ಲ, ಲಾಂಚಿನ ಯಾವ ಮೂಲೆಯಲ್ಲಿ ನಿಂತರೂ ಒಂದೇ. ಸಮುದ್ರದ ಹಡಗಿನಲ್ಲಿ ಹಾಗಲ್ಲ. ಅಲ್ಲಿ ನೀವು ಮಲಗುವ ಜಾಗವೇ ಇಡೀ ಪ್ರವಾಸವನ್ನು ನಿರ್ಧರಿಸುತ್ತದೆ.

ಹತ್ತು ಹನ್ನೆರಡು ಸಲ ಕ್ರೂಸ್ ಹೋಗಿಬಂದ ನನ್ನ ಹತ್ತಿರ ನೆಂಟರಿಷ್ಟರು ಸಲಹೆ ಕೇಳುವುದು ಟಿಕೆಟ್ ತೆಗೆದ ಮೇಲೆ. ಅಷ್ಟರಲ್ಲಿ ತಪ್ಪು ಆಗಿಹೋಗಿರುತ್ತದೆ. ಹಾಗಾಗಿ ಇದನ್ನು ಟಿಕೆಟ್ ತೆಗೆಯುವ ಮೊದಲೇ ಓದಿ.

1. ತಿಂಗಳು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬೀ ಸಮುದ್ರದ ಸುದ್ದಿಗೇ ಹೋಗಬೇಡಿ. ಅಡಿಕೆ ಬೆಳೆಗಾರರಾದರೆ ಸುಲಿತ ಮುಗಿದ ಮೇಲೆ, ಕೊಳೆರೋಗಕ್ಕೆ ಮದ್ದು ಹೊಡೆಯುವ ಮುಂಚೆ, ಅಂದರೆ ಮಾರ್ಚ್‌ನಿಂದ ಮೇ ಮೊದಲ ವಾರದೊಳಗೆ ಹೋಗಿಬನ್ನಿ.

2. ಹಡಗು

ಮೊದಲ ಸಲ ಹೋಗುವವರಿಗೆ ಮೂರು ರಾತ್ರಿ ಸಾಕು. ಮುಂಬೈನಿಂದ ಗೋವಾ, ಲಕ್ಷದ್ವೀಪದ ಕಡೆ ಹೋಗುವ ಎಂಪ್ರೆಸ್ 1990ರಲ್ಲಿ ಸೇವೆಗೆ ಬಂದ, ಸುಮಾರು 211 ಮೀಟರ್ ಉದ್ದದ ಹಡಗು. ಹಳೆಯ ಹಡಗುಗಳಲ್ಲಿ ಬಾಲ್ಕನಿ ಕೋಣೆಗಳು ಕಡಿಮೆ. 2024ರಲ್ಲಿ ಸಂಚಾರ ಆರಂಭಿಸಿದ ಐಕಾನ್ ಆಫ್ ದ ಸೀಸ್‌ನಂಥ ಹಡಗಿನಲ್ಲಿ 20 ಡೆಕ್‌ಗಳು, ಅಂದರೆ ಮಹಡಿಗಳಿವೆ, ಉದ್ದವೇ ಸುಮಾರು 365 ಮೀಟರ್. ತಿಂಡಿಗೆಂದು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದರೆ ಮಂಡಿನೋವಿನವರು ಅರ್ಧ ದಾರಿಯಲ್ಲಿ ಕೂರುತ್ತಾರೆ.

3. ಕೋಣೆ: ಇಲ್ಲಿ ಅವಸರ ಬೇಡ

ಎಲ್ಲರೂ ಎಡವುವುದು ಇಲ್ಲೇ. ಏಜೆಂಟರು ಕೇಳುವುದು "ಒಳಗಿನದಾ, ಕಿಟಕಿಯದಾ, ಬಾಲ್ಕನಿಯದಾ?" ಎಂದು. ನೀವು ದುಡ್ಡು ಲೆಕ್ಕ ಹಾಕಿ ಒಂದನ್ನು ಹೇಳುತ್ತೀರಿ. ಕೋಣೆ ಹಡಗಿನ ಯಾವ ಭಾಗದಲ್ಲಿದೆ ಎಂದು ಏಜೆಂಟರು ಹೇಳುವುದಿಲ್ಲ, ನೀವೂ ಕೇಳುವುದಿಲ್ಲ. ನನ್ನ ಮಟ್ಟಿಗೆ ಬಾಲ್ಕನಿಗಿಂತ ಜಾಗ ದೊಡ್ಡದು. ತಪ್ಪು ಜಾಗದ ಬಾಲ್ಕನಿ ಕೋಣೆಗಿಂತ ಸರಿಯಾದ ಜಾಗದ ಕಿಟಕಿಯಿಲ್ಲದ ಕೋಣೆ ಎಷ್ಟೋ ಮೇಲು.

ನಮ್ಮವರು ಮಾಡುವ ದೊಡ್ಡ ತಪ್ಪು ಆಗುಂಬೆ ಘಾಟಿಯಿಂದ ಬಂದದ್ದು. ಆ ಹದಿನಾಲ್ಕು ತಿರುವುಗಳಲ್ಲಿ ವಾಂತಿ ಬರುವವರನ್ನು ಬಸ್ಸಿನ ಮುಂದಿನ ಸೀಟಿನಲ್ಲಿ ಕೂರಿಸುವುದು ರೂಢಿ. ಅದೇ ಲೆಕ್ಕದಲ್ಲಿ ಹಡಗಿನಲ್ಲೂ ಮುಂದಿನ ಕೋಣೆ ಕೇಳಿ ತೆಗೆದುಕೊಳ್ಳುತ್ತಾರೆ. ಹಡಗಿನಲ್ಲಿ ಅತಿ ಹೆಚ್ಚು ಏಳುಬೀಳು ಇರುವುದೇ ಮೂತಿಯಲ್ಲಿ. ಹಡಗು ಎರಡು ಥರ ಆಡುತ್ತದೆ: ತೊಟ್ಟಿಲಿನಂತೆ ಅಕ್ಕಪಕ್ಕ ತೂಗುತ್ತದೆ, ಮತ್ತೆ ಅಲೆಗೆ ಸಿಕ್ಕಿ ಮೂತಿ ಎತ್ತಿ ಇಳಿಸುತ್ತದೆ. ಅಕ್ಕಪಕ್ಕದ ತೂಗಾಟ ತಗ್ಗಿಸಲು ನೀರಿನ ಕೆಳಗೆ ಮೀನಿನ ಈಜುರೆಕ್ಕೆಯಂಥ ಸ್ಟೆಬಿಲೈಜರ್ ಇರುತ್ತದೆ. ಮೂತಿಯ ಏಳುಬೀಳಿಗೆ ಅದರಿಂದ ಪ್ರಯೋಜನವಿಲ್ಲ. ನಡುಭಾಗದಲ್ಲಿ, ಕೆಳಗಿನ ಡೆಕ್‌ಗಳಲ್ಲಿ ಇದ್ದರೆ ಎರಡೂ ಕಡಿಮೆ.

ಈಗ ಡೆಕ್ ಪ್ಲಾನ್, ಅಂದರೆ ಡೆಕ್‌ಗಳ ನಕ್ಷೆ ತೆಗೆಯಿರಿ. ಕಂಪನಿಯ ಜಾಲತಾಣದಲ್ಲೇ ಇರುತ್ತದೆ. ಮೊಬೈಲಿನಲ್ಲಿ ನೋಡಬೇಡಿ, ಝೆರಾಕ್ಸ್ ಅಂಗಡಿಯಲ್ಲಿ ದೊಡ್ಡ ಹಾಳೆಗೆ ಪ್ರಿಂಟ್ ತೆಗೆಸಿ ಮೂರು ಹಾಳೆ ಒಟ್ಟಿಗಿಡಿ: ನಿಮ್ಮ ಡೆಕ್, ಅದರ ಮೇಲಿನದು, ಅದರ ಕೆಳಗಿನದು. ಲಿಫ್ಟಿನ ಜಾಗ ಮೂರರಲ್ಲೂ ಒಂದೇ ಕಡೆ ಇರುತ್ತದೆ, ಅದನ್ನು ಗುರುತಾಗಿಟ್ಟುಕೊಂಡು ಹಾಳೆಗಳನ್ನು ಬೆಳಕಿಗೆ ಹಿಡಿದು ಹೊಂದಿಸಿ. ನಿಮ್ಮ ಕೋಣೆಯ ತಲೆಯ ಮೇಲೆ ಏನಿದೆ, ಕಾಲ ಕೆಳಗೆ ಏನಿದೆ ಎಂದು ಕಾಣುತ್ತದೆ. ಮೇಲೂ ಕೋಣೆ, ಕೆಳಗೂ ಕೋಣೆ ಇದ್ದರೆ ಅದೇ ಉತ್ತಮ.

ಮೇಲೆ ಈಜುಕೊಳ ಅಥವಾ ಬಫೆ ಇದ್ದರೆ ಬೇಡ. ತೀರ್ಥಹಳ್ಳಿಯ ನನ್ನ ಅತ್ತಿಗೆ, ಅಣ್ಣ ಹಾಗೇ ಸಿಕ್ಕಿಕೊಂಡರು. ಬೆಳಗಿನ ಐದಕ್ಕೇ ಮೇಲೆ ಕುರ್ಚಿ ಎಳೆದು ನೆಲ ತೊಳೆಯುವ ಸದ್ದು. "ಅಟ್ಟದ ಮೇಲೆ ಯಾರೋ ಮಂಚ ಎಳೆದಾಡಿದಂಗೆ ಆಗ್ತಿತ್ತು ಮಾರಾಯಾ" ಎಂದು ಅತ್ತಿಗೆ ಈಗಲೂ ಹೇಳುತ್ತಾರೆ. ಆ ಕೋಣೆಗೆ ಅವರು ಕೊಟ್ಟದ್ದು ಬಾಲ್ಕನಿಯ ಪೂರ್ತಿ ದರ. ಕೆಳಗೆ ಥಿಯೇಟರ್ ಅಥವಾ ಕುಣಿತದ ಹಾಲ್ ಇದ್ದರೂ ಬೇಡ, ಸಂಗೀತದ ಪೆಟ್ಟು ಹಾಸಿಗೆಗೇ ತಾಗುತ್ತದೆ. ನಕ್ಷೆಯಲ್ಲಿ ಹೆಸರಿಲ್ಲದೆ ಖಾಲಿ ಬಿಟ್ಟ ಜಾಗಗಳನ್ನು ಯಾರೂ ಗಮನಿಸುವುದಿಲ್ಲ. ಅವು ಹೆಚ್ಚಾಗಿ ಸಿಬ್ಬಂದಿಯ ಕೆಲಸದ ಜಾಗ, ಅಡುಗೆಮನೆ, ಉಗ್ರಾಣ. ಅಲ್ಲಿ ರಾತ್ರಿಯೂ ಟ್ರಾಲಿ ಓಡುತ್ತದೆ. ಕೆಳಡೆಕ್‌ನಲ್ಲಿ ತೀರಾ ಮುಂದೆ ಲಂಗರಿನ ಸರಪಳಿಯ ಸದ್ದು. ಬಂದರಿಗೆ ಹಡಗು ಒಡ್ಡುವಾಗ ಅದನ್ನು ಪಕ್ಕಕ್ಕೆ ಸರಿಸುವ ಥ್ರಸ್ಟರ್‌ಗಳು ಚಾಲೂ ಆದರೆ ಕೆಳಗಿನ ಹಿಂದು ಮುಂದಿನ ಕೋಣೆಗಳು ಗಡಗಡ ನಡುಗುತ್ತವೆ.

ಇನ್ನೊಂದು, ಎರಡು ಕೋಣೆಗಳ ನಡುವೆ ಸಣ್ಣ ಬಾಣದ ಅಥವಾ ಬೇರೊಂದು ಗುರುತಿದ್ದರೆ ಅದು ನಡುಬಾಗಿಲು. ಎರಡು ಸಂಸಾರ ಜತೆಯಾಗಿ ಹೋಗುವಾಗ ಒಳ್ಳೆಯದು, ಅಪರಿಚಿತರು ಪಕ್ಕದಲ್ಲಿದ್ದರೆ ಅವರ ಟಿವಿ ನಿಮ್ಮ ಕೋಣೆಯಲ್ಲೇ ಇದ್ದಂತೆ. ಕಿಟಕಿಯ ಎದುರಿಗೆ ಜೀವರಕ್ಷಕ ದೋಣಿ ತೂಗುಹಾಕಿದ್ದರೆ ಅಗ್ಗವಾಗಿ ಕೊಡುತ್ತಾರೆ. ಬೆಳಕು ಬರುತ್ತದೆ, ಸಮುದ್ರ ಕಾಣುವುದಿಲ್ಲ. ಲಿಫ್ಟಿನಿಂದ ಐದಾರು ಬಾಗಿಲು ಆಚೆಗಿನ ಕೋಣೆ ವಯಸ್ಸಾದವರಿಗೆ ಸರಿ.

"ಗ್ಯಾರಂಟಿ ಕ್ಯಾಬಿನ್" ಎಂಬ ಅಗ್ಗದ ಟಿಕೆಟ್ ಒಂದಿದೆ. ಹೆಸರು ಕೇಳಿ ಕೋಣೆ ಖಾತ್ರಿ ಎಂದುಕೊಳ್ಳುತ್ತಾರೆ. ಖಾತ್ರಿ ಇರುವುದು ದರ್ಜೆಗೆ ಮಾತ್ರ, ಕೋಣೆ ಯಾವುದೆಂದು ಕಂಪನಿಯೇ ಆಮೇಲೆ ನಿರ್ಧರಿಸುತ್ತದೆ. ಮೇಲೆ ಹೇಳಿದ್ದೆಲ್ಲ ಅಲ್ಲಿಗೆ ವ್ಯರ್ಥ. ನಿದ್ದೆ ಸೂಕ್ಷ್ಮ ಇರುವವರು ಇದನ್ನು ತೆಗೆದುಕೊಳ್ಳಲೇಬೇಡಿ. ಕೋಣೆ ನಂಬರ್ ಬರೆದ ಕಾಗದ ಕೈಗೆ ಬಂದ ಮೇಲೆ ಹಣ ಕಟ್ಟಿ.

4. ಪೆಟ್ಟಿಗೆ

ಕೆಟಲ್, ಇಸ್ತ್ರಿಪೆಟ್ಟಿಗೆ ಮನೆಯಲ್ಲೇ ಬಿಡಿ. ಬೆಂಕಿಯ ಭಯಕ್ಕೆ ಹತ್ತುವಾಗಲೇ ತೆಗೆದಿಟ್ಟುಕೊಳ್ಳುತ್ತಾರೆ. ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬಾಕ್ಸಿಗೂ ಅದೇ ಗತಿ. ಮನೆಯಲ್ಲಿ ಮಾಡಿದ ಅಡುಗೆಯನ್ನು ಬಹುತೇಕ ಹಡಗುಗಳು ಒಳಗೆ ಬಿಡುವುದಿಲ್ಲ. ಹಾಗಾಗಿ ಭರಣಿಯ ಮಿಡಿ ಉಪ್ಪಿನಕಾಯಿಯ ಆಸೆ ಬಿಟ್ಟು, ಅಂಗಡಿಯ ಸೀಲ್ ಮಾಡಿದ ಪೊಟ್ಟಣ ಒಯ್ಯಿರಿ, ಅದನ್ನೂ ಮೊದಲೇ ಕೇಳಿಕೊಂಡು. ಸಸ್ಯಾಹಾರ, ಜೈನ ಊಟ ಬೇಕಿದ್ದರೆ ಟಿಕೆಟ್ ಮಾಡುವಾಗಲೇ ಬರೆಸಿ. ಹತ್ತಿದ ಮೇಲೆ ಕೇಳಿದರೆ ಮೊದಲ ದಿನ ಸಲಾಡೇ ಗತಿ.

ನಾಲ್ಕು ಅಯಸ್ಕಾಂತದ ಕೊಕ್ಕೆ ತಪ್ಪದೆ ಒಯ್ಯಿರಿ. ಕೋಣೆಯ ಗೋಡೆಗಳು ಹೆಚ್ಚಾಗಿ ಉಕ್ಕಿನವು, ಟೋಪಿ, ಚೀಲ, ಒದ್ದೆ ಟವೆಲ್ ಎಲ್ಲ ನೇತುಹಾಕಬಹುದು. ವಾಂತಿ ತಡೆಯುವ ಮಣಿಕಟ್ಟಿನ ಪಟ್ಟಿ ಎಂದು ಮಾರುತ್ತಾರೆ, ಎರಡು ಸಲ ಕಟ್ಟಿ ನೋಡಿದೆ, ನನಗೆ ಏನೂ ಪ್ರಯೋಜನ ಆಗಲಿಲ್ಲ. ಅವೊಮಿನ್‌ನಂಥ ಮಾತ್ರೆಯನ್ನು ವೈದ್ಯರನ್ನು ಕೇಳಿ, ಹೊಟ್ಟೆ ತೊಳಸುವ ಮೊದಲೇ ತೆಗೆದುಕೊಳ್ಳಬೇಕು. ತೊಳಸತೊಡಗಿದ ಮೇಲೆ ನುಂಗಿದರೆ ಅದೂ ಆಚೆ ಬರುತ್ತದೆ. ಶುಂಠಿ ಚೂರು ಬಾಯಲ್ಲಿರಲಿ, ದಿಗಂತ ಕಾಣುವ ಕಡೆ ನಿಲ್ಲಿ.

5. ಬಂದರಿಗೆ ಹಿಂದಿನ ದಿನವೇ ತಲುಪಿ

ರಾತ್ರಿ ಬಸ್ಸಿಳಿದು ನೇರ ಹಡಗಿಗೆ ಎಂಬ ಲೆಕ್ಕ ಬೇಡ. ಹಡಗು ಯಾರಿಗೂ ಕಾಯುವುದಿಲ್ಲ.

6. ಹತ್ತಿದ ದಿನ

ಮೊದಲು ಫೋನನ್ನು ಏರ್‌ಪ್ಲೇನ್ ಮೋಡಿಗೆ ಹಾಕಿ. ತೀರ ದೂರವಾದ ಮೇಲೆ ಹಡಗಿನದೇ ಉಪಗ್ರಹ ನೆಟ್‌ವರ್ಕ್ ಹಿಡಿಯುತ್ತದೆ, ಸಾಮಾನ್ಯ ರೋಮಿಂಗ್ ಪ್ಯಾಕಿಗೆ ಅದು ಸೇರಿರುವುದಿಲ್ಲ.

ಸುರಕ್ಷಾ ಡ್ರಿಲ್ಲಿಗೆ ತಪ್ಪಿಸಿಕೊಂಡು ಊಟಕ್ಕೆ ಓಡುವವರನ್ನು ಪ್ರತಿಸಲ ನೋಡುತ್ತೇನೆ. 2012ರ ಜನವರಿ 13ರಂದು ಇಟಲಿಯ ಜಿಲಿಯೊ ದ್ವೀಪದ ಬಳಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದು ಮಗುಚಿ 32 ಮಂದಿ ಸತ್ತರು. ಅಂದು ಹತ್ತಿದ್ದ ನೂರಾರು ಜನರಿಗೆ ಡ್ರಿಲ್ ಆಗಿರಲೇ ಇಲ್ಲ. ಅದಾದ ಮೇಲೆಯೇ ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಡ್ರಿಲ್ ಆಗಬೇಕೆಂಬ ನಿಯಮ ಬಂತು. ಅಪಾಯದ ವೇಳೆ ನೀವು ಸೇರಬೇಕಾದ ಜಮಾವಣೆ ಜಾಗಕ್ಕೆ ಲಿಫ್ಟ್ ಬಿಟ್ಟು ಮೆಟ್ಟಿಲಲ್ಲೇ ಒಮ್ಮೆ ನಡೆದುನೋಡಿ.

ಊಟಕ್ಕೆ ಮೊದಲು ಸೋಪಿನಿಂದ ಕೈ ತೊಳೆಯಿರಿ. ಹಡಗುಗಳಲ್ಲಿ ವಾಂತಿಭೇದಿ ಹರಡುವ ನೊರೊವೈರಸ್ ಬಾಗಿಲಲ್ಲಿಟ್ಟ ಸ್ಯಾನಿಟೈಜರಿಗೆ ಅಷ್ಟಾಗಿ ಜಗ್ಗುವುದಿಲ್ಲ.

7. ಲೆಕ್ಕ

ಎಲ್ಲ ಖರ್ಚೂ ಕೋಣೆಯ ಕಾರ್ಡಿಗೆ ಏರುತ್ತದೆ. ಟಿಪ್ಸ್ ಕೂಡ ತಾನಾಗಿ ಸೇರುತ್ತದೆ. ಅಮೆರಿಕದ ದೊಡ್ಡ ಕಂಪನಿಗಳಲ್ಲಿ ತಲೆಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್. ಟಿಕೆಟ್ ದರ ಹೋಲಿಸುವಾಗ ಇದನ್ನು ಸೇರಿಸಿಯೇ ಹೋಲಿಸಿ. ಪ್ರತಿ ರಾತ್ರಿ ಬಿಲ್ ನೋಡಿ, ಕೊನೆಯ ದಿನ ಕೌಂಟರಿನಲ್ಲಿ ಸಾಲು ಉದ್ದ.

8. ಕೊನೆಯ ರಾತ್ರಿ

ದೊಡ್ಡ ಪೆಟ್ಟಿಗೆಗೆ ಗುರುತಿನ ಟ್ಯಾಗ್ ಕಟ್ಟಿ ರಾತ್ರಿಯೇ ಬಾಗಿಲ ಹೊರಗಿಡಬೇಕು, ಮತ್ತೆ ಸಿಗುವುದು ಬಂದರಿನಲ್ಲೇ. ಮರುದಿನದ ಬಟ್ಟೆ, ಚಪ್ಪಲಿ, ಕನ್ನಡಕ, ಬಿಪಿ ಮಾತ್ರೆ, ಪಾಸ್‌ಪೋರ್ಟ್ ಕೈಚೀಲಕ್ಕೆ ಹಾಕಿಕೊಂಡ ಮೇಲೆಯೇ ಪೆಟ್ಟಿಗೆಯ ಜಿಪ್ ಎಳೆಯಿರಿ. ನಾನಂತೂ ಈಗ ಒಂದೇ ಸಣ್ಣ ಪೆಟ್ಟಿಗೆ ಒಯ್ದು, ಅದನ್ನು ನಾನೇ ಎತ್ತಿಕೊಂಡು ಮೊದಲ ತಂಡದಲ್ಲೇ ಇಳಿಯುತ್ತೇನೆ. ಹಾಗಿದ್ದರೂ ಮಧ್ಯಾಹ್ನ ಒಂದರ ಒಳಗಿನ ರೈಲು, ವಿಮಾನ ಹಿಡಿಯಲು ಹೋಗುವುದಿಲ್ಲ.