ಪೆನ್‌ಡ್ರೈವ್ ಓಡಾಟ ಬಿಡಿ: ಅಂಗಡಿಯ ಕಂಪ್ಯೂಟರು, ಪ್ರಿಂಟರುಗಳನ್ನು ಒಂದೇ ನೆಟ್‌ವರ್ಕಿಗೆ ತರುವ ಬಗೆ

ಡಿಟಿಪಿ ಸೆಂಟರು, ಆಡಿಟರ್ ಕಚೇರಿ, ಸಹಕಾರ ಸಂಘ, ಶಾಲೆಯ ಆಫೀಸು: ಎಲ್ಲಿ ಹೋದರೂ ಮೂರು ನಾಲ್ಕು ಕಂಪ್ಯೂಟರು, ಎಲ್ಲಕ್ಕೂ ಸೇರಿ ಒಂದು ಪ್ರಿಂಟರು. ಒಂದರಲ್ಲಿ ಟೈಪ್ ಮಾಡಿದ್ದನ್ನು ಪೆನ್‌ಡ್ರೈವಿಗೆ ಹಾಕಿ ಪ್ರಿಂಟರ್ ಇರುವ ಕಂಪ್ಯೂಟರಿಗೆ ಸಿಕ್ಕಿಸುತ್ತಾರೆ. ಇಲ್ಲವೇ ವಾಟ್ಸ್‌ಆ್ಯಪಿನಲ್ಲಿ ಕಳಿಸುತ್ತಾರೆ. ಪಕ್ಕದ ಮೇಜಿಗೆ ಹೋಗಬೇಕಾದ ಫೈಲು ದೇಶಾಂತರ ತಿರುಗಿ ಬರುತ್ತದೆ, ಇಂಟರ್ನೆಟ್ ಹೋದ ದಿನ ಬರುವುದೇ ಇಲ್ಲ. ಇಷ್ಟಕ್ಕೆ ಇಂಟರ್ನೆಟ್ಟೇ ಬೇಕಿಲ್ಲ. ನಾಲ್ಕು ಗೋಡೆಯೊಳಗಿನ ನೆಟ್‌ವರ್ಕ್, ಅಂದರೆ ಲ್ಯಾನ್, ಹೊರಗಿನ ಫೈಬರ್ ಕಡಿದುಹೋದರೂ ತನ್ನ ಪಾಡಿಗೆ ನಡೆಯುತ್ತದೆ.

ಇಲ್ಲಿನ ಕ್ರಮ ವಿಂಡೋಸ್ 10 ಅಥವಾ 11 ಇರುವ ನಾಲ್ಕು ಕಂಪ್ಯೂಟರು, ಲ್ಯಾನ್ ಪೋರ್ಟ್ ಇರುವ ಒಂದು ಲೇಸರ್ ಪ್ರಿಂಟರು, ಒಂದು ಫೈಬರ್ ರೂಟರು ಇರುವ ಕಡೆಗೆ. ಎರಡು ಕಂಪ್ಯೂಟರಿದ್ದರೂ ಹತ್ತಿದ್ದರೂ ದಾರಿ ಇದೇ.

ಸಾಮಾನು

ಎಂಟು ಪೋರ್ಟಿನ ಗಿಗಾಬಿಟ್ ಸ್ವಿಚ್ ತನ್ನಿ. ಎಲ್ಲ ಕೇಬಲುಗಳೂ ಬಂದು ಸೇರುವ ಪೆಟ್ಟಿಗೆ ಇದು, ಗಿಗಾಬಿಟ್ ಎಂದರೆ ಸೆಕೆಂಡಿಗೆ 1,000 ಮೆಗಾಬಿಟ್ ವೇಗ. ಐದು ಪೋರ್ಟಿನದು ಸಾಲದು: ನಾಲ್ಕು ಕಂಪ್ಯೂಟರು, ಪ್ರಿಂಟರು, ರೂಟರು ಸೇರಿದರೆ ಆಗಲೇ ಆರು. ಜೊತೆಗೆ ಕ್ಯಾಟ್ 6 ದರ್ಜೆಯ ನೆಟ್‌ವರ್ಕ್ ಕೇಬಲ್, ಅದರ ತುದಿಗೆ ಹಾಕುವ, ಅದಕ್ಕೇ ಹೊಂದುವ ಆರ್‌ಜೆ45 ಕನೆಕ್ಟರುಗಳು (ನಾಲ್ಕಾರು ಹಾಳಾಗುತ್ತವೆ, ಹೆಚ್ಚೇ ತನ್ನಿ), ಕನೆಕ್ಟರನ್ನು ಕೇಬಲಿಗೆ ಒತ್ತಿ ಕೂರಿಸುವ ಕ್ರಿಂಪಿಂಗ್ ಟೂಲ್, ಎಂಟು ದೀಪದ ಕೇಬಲ್ ಟೆಸ್ಟರ್. ಹಿಂದಿನ ದರ್ಜೆಯಾದ ಕ್ಯಾಟ್ 5ಇಯ ಕನೆಕ್ಟರಿಗೆ ಕ್ಯಾಟ್ 6ರ ದಪ್ಪ ತಂತಿ ಸರಿಯಾಗಿ ಒಳಹೋಗುವುದಿಲ್ಲ, ಬಲವಂತ ಮಾಡಿದರೆ ಸಾಲು ತಪ್ಪುತ್ತದೆ.

ಕೇಬಲ್ ಕೊಳ್ಳುವಾಗ ಒಂದು ಪರೀಕ್ಷೆ ಮಾಡಿ. ಒಳಗಿನ ಒಂದು ತಂತಿಯ ತುದಿಯನ್ನು ಬ್ಲೇಡಿನಿಂದ ಹೆರೆದು ನೋಡಿ. ಒಳಗೂ ತಾಮ್ರದ ಬಣ್ಣವೇ ಇದ್ದರೆ ಸರಿ. ಬೆಳ್ಳಗೆ ಕಂಡರೆ ಅದು ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟದ್ದು. ಅಗ್ಗಕ್ಕೆ ಸಿಗುತ್ತದೆ ನಿಜ, ಆದರೆ ಎರಡು ಸಲ ಬಾಗಿಸಿದರೆ ಒಳಗೊಳಗೇ ಮುರಿಯುತ್ತದೆ. ಅಂಥ ತಂತಿಯನ್ನು ಗೋಡೆಯ ಪೈಪಿನೊಳಗೆ ಎಳೆದುಬಿಟ್ಟರೆ ಮುಂದೆ ಅದನ್ನು ಹುಡುಕುವ ಕೆಲಸ ಯಾರಿಗೂ ಬೇಡ.

ಕೇಬಲ್ ಎಳೆದು ಕ್ರಿಂಪ್ ಮಾಡುವುದು

ಸ್ವಿಚ್ಚನ್ನು ಮಧ್ಯದಲ್ಲೊಂದು ಕಡೆ ಇಟ್ಟು ಅಲ್ಲಿಂದ ಪ್ರತಿ ಕಂಪ್ಯೂಟರಿಗೆ, ಪ್ರಿಂಟರಿಗೆ, ರೂಟರಿಗೆ ಒಂದೊಂದು ಕೇಬಲ್. ಒಂದು ಕೇಬಲಿನ ಉದ್ದ 100 ಮೀಟರ್ ಮೀರಬಾರದು. ಕರೆಂಟಿನ ವೈರಿನ ಜೊತೆ ಒಂದೇ ಪೈಪಿನಲ್ಲಿ ಎಳೆಯಬೇಡಿ. ದಾಟಲೇಬೇಕಾದರೆ ಅಡ್ಡಲಾಗಿ ದಾಟಿಸಿ.

ಹೊರಗಿನ ಸಿಪ್ಪೆಯನ್ನು ಒಂದೂವರೆ ಅಂಗುಲ ಸುಲಿದು, ಜೋಡಿಗಳ ಹೆಣಿಗೆ ಬಿಚ್ಚಿ, ಎಂಟೂ ತಂತಿಗಳನ್ನು ನೇರ ಮಾಡಿ ಈ ಸಾಲಿನಲ್ಲಿ ಹಿಡಿಯಿರಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಇದು ಟಿ568ಬಿ ಕ್ರಮ. ಕನೆಕ್ಟರಿನ ಕ್ಲಿಪ್ ಕೆಳಗೆ, ಚಿನ್ನದ ಬಣ್ಣದ ಪಿನ್ನುಗಳು ಮೇಲೆ, ತಂತಿ ತೂರುವ ಬಾಯಿ ನಿಮ್ಮ ಕಡೆಗೆ ಇರುವಂತೆ ಹಿಡಿದರೆ ಎಡದ ತುದಿಯದು ಒಂದನೆಯ ಪಿನ್. ತಂತಿಗಳನ್ನು ಅರ್ಧ ಅಂಗುಲಕ್ಕೆ ಒಂದೇ ಸಮ ಕತ್ತರಿಸಿ ಕೊನೆಯವರೆಗೂ ತಳ್ಳಿ. ಕನೆಕ್ಟರಿನ ಮುಂಭಾಗದಲ್ಲಿ ಎಂಟೂ ತಾಮ್ರದ ಚುಕ್ಕೆ ಕಾಣಬೇಕು, ಹೊರಸಿಪ್ಪೆಯೂ ಕನೆಕ್ಟರಿನೊಳಗೆ ಸೇರಿರಬೇಕು. ಆಮೇಲೆ ಟೂಲ್ ಒತ್ತಿ. ಸಿಪ್ಪೆ ಹೊರಗೇ ಉಳಿದರೆ ಯಾರೋ ಕಾಲು ತಾಗಿಸಿದ ದಿನ ತಂತಿ ಕಿತ್ತು ಬರುತ್ತದೆ.

ಇಲ್ಲಿ ಒಂದು ಮೋಸವಿದೆ. ಬಣ್ಣದ ಜೋಡಿಗಳನ್ನು ಪಕ್ಕಪಕ್ಕದಲ್ಲೇ ಸಾಲಾಗಿ, ಕಿತ್ತಳೆ ಜೋಡಿ, ಹಸಿರು ಜೋಡಿ, ನೀಲಿ ಜೋಡಿ, ಕಂದು ಜೋಡಿ ಎಂದು ಎರಡೂ ಕಡೆ ಹಾಕಿಬಿಡುವವರಿದ್ದಾರೆ. ಟೆಸ್ಟರಿನಲ್ಲಿ ಒಂದರಿಂದ ಎಂಟರವರೆಗೆ ದೀಪ ಚೆನ್ನಾಗಿಯೇ ಉರಿಯುತ್ತದೆ. ಆದರೆ ಒಂದೇ ಸಿಗ್ನಲ್ ಒಯ್ಯಬೇಕಾದ 3 ಮತ್ತು 6ನೇ ಪಿನ್ನಿಗೆ ಎರಡು ಬೇರೆ ಜೋಡಿಯ ತಂತಿ ಬಿದ್ದಿರುತ್ತದೆ. ಒಟ್ಟಿಗೆ ಹೆಣೆದುಕೊಂಡ ತಂತಿಗಳಲ್ಲಿ ಹೋದರೆ ಮಾತ್ರ ಹೊರಗಿನ ಗದ್ದಲ ತಟ್ಟುವುದಿಲ್ಲ. ಇಲ್ಲದಿದ್ದರೆ ಸಂಪರ್ಕ ಇದ್ದೂ ಇಲ್ಲದಂತೆ ಕುಂಟುತ್ತದೆ. ಇಂಥ ತಪ್ಪನ್ನು ಅಗ್ಗದ ಟೆಸ್ಟರ್ ಹಿಡಿಯುವುದಿಲ್ಲ.

ಎಂಟರಲ್ಲಿ ಒಂದು ತಂತಿ ತಾಗದೆ ಹೋದರೂ ಗಿಗಾಬಿಟ್ ವೇಗ ಸಿಗದು. 1, 2, 3, 6 ಸರಿಯಿದ್ದರೆ 100 ಎಂಬಿಪಿಎಸ್‌ಗೆ (ಸೆಕೆಂಡಿಗೆ 100 ಮೆಗಾಬಿಟ್; ಎಂಟು ಬಿಟ್ ಸೇರಿದರೆ ಒಂದು ಬೈಟ್) ಇಳಿದು ನಡೆಯುತ್ತದೆ, ಹಾಗಾಗಿ ಯಾರ ಗಮನಕ್ಕೂ ಬರುವುದಿಲ್ಲ. ದೊಡ್ಡ ಫೈಲ್ ಒಂದನ್ನು ಕಾಪಿ ಮಾಡಿ ನೋಡಿ: ಸೆಕೆಂಡಿಗೆ 100 ಎಂಬಿಯ (ಮೆಗಾಬೈಟ್) ಆಸುಪಾಸು ಬಂದರೆ ಗಿಗಾಬಿಟ್ ಕೆಲಸ ಮಾಡುತ್ತಿದೆ, 11 ಎಂಬಿಗೇ ನಿಂತರೆ ತುದಿಯನ್ನು ಮತ್ತೆ ಕ್ರಿಂಪ್ ಮಾಡಿ.

ವಿಳಾಸ: ಮುಕ್ಕಾಲು ಪಾಲು ತಂಟೆ ಇಲ್ಲೇ

ಕೇಬಲ್ ಸಿಕ್ಕಿಸಿದ ಕೂಡಲೇ ರೂಟರು ಪ್ರತಿಯೊಂದಕ್ಕೂ ಒಂದು ಐಪಿ ವಿಳಾಸ, ಅಂದರೆ ನೆಟ್‌ವರ್ಕಿನೊಳಗಿನ ಮನೆ ನಂಬರು, ಹಂಚುತ್ತದೆ. ಹೀಗೆ ಹಂಚುವ ವ್ಯವಸ್ಥೆಗೆ ಡಿಎಚ್‌ಸಿಪಿ ಎನ್ನುತ್ತಾರೆ. ರೂಟರಿನ ವಿಳಾಸ ಸಾಮಾನ್ಯವಾಗಿ 192.168.1.1, ಜಿಯೋ ಫೈಬರಿನಲ್ಲಾದರೆ 192.168.29.1. ಇಲ್ಲಿ ಮೊದಲನೆಯದನ್ನೇ ಇಟ್ಟುಕೊಳ್ಳೋಣ. ಕಂಪ್ಯೂಟರಿಗೆ 192.168.1.11 ಎಂದೂ ಸಬ್‌ನೆಟ್ ಮಾಸ್ಕ್ 255.255.255.0 ಎಂದೂ ಬಂದರೆ, ಮೊದಲ ಮೂರು ಸಂಖ್ಯೆ (192.168.1) ಒಂದೇ ಇರುವವರೆಲ್ಲ ಒಂದೇ ನೆಟ್‌ವರ್ಕಿನವರು, ಕೊನೆಯ ಸಂಖ್ಯೆ ಅವರವರದು.

ಕೊನೆಯ ಸಂಖ್ಯೆ 11 ಇರುವ ಕಂಪ್ಯೂಟರು 50 ಇರುವ ಪ್ರಿಂಟರಿಗೆ ಏನಾದರೂ ಕಳಿಸಬೇಕಾದಾಗ ಮೊದಲು ಎಲ್ಲರಿಗೂ ಕೇಳುವಂತೆ '192.168.1.50 ಯಾರು?' ಎಂದು ಕೂಗುತ್ತದೆ. ಪ್ರಿಂಟರು ತನ್ನ ಮ್ಯಾಕ್ ವಿಳಾಸ (ಕಾರ್ಖಾನೆಯಲ್ಲೇ ಪ್ರತಿ ಯಂತ್ರಕ್ಕೂ ಕೊಟ್ಟ ನಂಬರು) ಹೇಳಿ ಓಗೊಡುತ್ತದೆ. ಯಾವ ಪೋರ್ಟಿನಲ್ಲಿ ಯಾವ ಮ್ಯಾಕ್ ಇದೆ ಎಂಬುದನ್ನು ಸ್ವಿಚ್ ನೆನಪಿಟ್ಟುಕೊಳ್ಳುವುದರಿಂದ ಆಮೇಲಿನ ಮಾತು ಅವರಿಬ್ಬರ ಪೋರ್ಟುಗಳ ನಡುವೆಯೇ. 5 ಎಂಬಿಯ ಪಿಡಿಎಫ್ ಸುಮಾರು 3,400 ತುಂಡಾಗಿ ಹೋಗುತ್ತದೆ, ಏಕೆಂದರೆ ಒಂದು ತುಂಡಿನಲ್ಲಿ 1,500 ಬೈಟಿಗಿಂತ ಹೆಚ್ಚು ಹಿಡಿಸುವುದಿಲ್ಲ. ದಾರಿಯಲ್ಲಿ ಬಿದ್ದುಹೋದ ತುಂಡನ್ನು ಮತ್ತೆ ಕಳಿಸಲಾಗುತ್ತದೆ. ಈ ಈಥರ್ನೆಟ್ ಪದ್ಧತಿ ಹುಟ್ಟಿದ್ದು 1973ರಲ್ಲಿ, ಅಮೆರಿಕದ ಜೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿ. ನಮ್ಮ ಜೆರಾಕ್ಸ್ ಅಂಗಡಿಗಳು ಆ ಮನೆತನಕ್ಕೆ ಇನ್ನೊಂದು ಋಣವನ್ನೂ ಲೆಕ್ಕಕ್ಕೆ ಹಿಡಿಯಬಹುದು.

ತಂಟೆ ಏನೆಂದರೆ, ಡಿಎಚ್‌ಸಿಪಿ ಕೊಟ್ಟ ವಿಳಾಸ ಶಾಶ್ವತವಲ್ಲ. ರಾತ್ರಿ ಕರೆಂಟ್ ಹೋಗಿ ಬಂದರೆ ನಿನ್ನೆ 50 ಆಗಿದ್ದ ಪ್ರಿಂಟರು ಇವತ್ತು 53 ಆಗಿರಬಹುದು. ಕಂಪ್ಯೂಟರುಗಳು ಮಾತ್ರ 50ನ್ನೇ ಕೂಗುತ್ತಿರುತ್ತವೆ. 'ನಿನ್ನೆ ಚೆನ್ನಾಗಿತ್ತು ಸಾರ್' ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಇಷ್ಟೇ.

ಪರಿಹಾರ: ಬ್ರೌಸರಿನಲ್ಲಿ ರೂಟರಿನ ವಿಳಾಸ ಕೊಟ್ಟು ಒಳಹೋಗಿ ಲ್ಯಾನ್ ಅಥವಾ ಡಿಎಚ್‌ಸಿಪಿ ಪುಟದಲ್ಲಿ ಅಡ್ರೆಸ್ ರಿಸರ್ವೇಶನ್ ಹುಡುಕಿ (ಕೆಲವುದರಲ್ಲಿ ಸ್ಟ್ಯಾಟಿಕ್ ಡಿಎಚ್‌ಸಿಪಿ ಎಂದಿರುತ್ತದೆ). ಫೈಲ್ ಇಡುವ ಮುಖ್ಯ ಕಂಪ್ಯೂಟರಿನ ಮ್ಯಾಕ್‌ಗೆ 192.168.1.10, ಪ್ರಿಂಟರಿನ ಮ್ಯಾಕ್‌ಗೆ 192.168.1.50 ಎಂದು ಕಟ್ಟಿಹಾಕಿ. ಕಂಪ್ಯೂಟರಿನ ಮ್ಯಾಕ್ ತಿಳಿಯಲು ಕಮಾಂಡ್ ಪ್ರಾಂಪ್ಟಿನಲ್ಲಿ 'ಐಪಿಕಾನ್ಫಿಗ್ /ಆಲ್' (ipconfig /all) ಕೊಡಿ, ಫಿಸಿಕಲ್ ಅಡ್ರೆಸ್ ಎಂಬ ಸಾಲಿನಲ್ಲಿರುತ್ತದೆ. ಪ್ರಿಂಟರಿನದು ಅದರ ಕಾನ್ಫಿಗರೇಶನ್ ಪುಟ ಪ್ರಿಂಟ್ ತೆಗೆದರೆ ಸಿಗುತ್ತದೆ. ಉಳಿದ ಮೂರು ಕಂಪ್ಯೂಟರಿಗೆ ಯಾವ ವಿಳಾಸ ಬಂದರೂ ನಡೆಯುತ್ತದೆ. ರೂಟರಿನ ಬದಲು ಪ್ರಿಂಟರಿನ ಮೆನುವಿನಲ್ಲೇ ವಿಳಾಸ ಬರೆದಿಟ್ಟರೆ, ರೂಟರು ಹಂಚುವ ವಿಳಾಸಗಳನ್ನು 100ರಿಂದ ಶುರುವಾಗುವಂತೆ ಬದಲಿಸಲೇಬೇಕು. ಇಲ್ಲದಿದ್ದರೆ ಒಂದು ದಿನ ಯಾರದೋ ಮೊಬೈಲಿಗೂ 50 ಸಿಕ್ಕಿ ಇಬ್ಬರೂ ಜಗಳಕ್ಕೆ ಬೀಳುತ್ತಾರೆ.

ಫೋಲ್ಡರ್ ಹಂಚಿಕೊಳ್ಳುವುದು

ಮೊದಲು ಎಲ್ಲ ಕಂಪ್ಯೂಟರಿನಲ್ಲೂ ಸೆಟ್ಟಿಂಗ್ಸ್, ನೆಟ್‌ವರ್ಕ್ ಆ್ಯಂಡ್ ಇಂಟರ್ನೆಟ್, ಈಥರ್ನೆಟ್ ತೆರೆದು ನೆಟ್‌ವರ್ಕನ್ನು ಪ್ರೈವೇಟ್ ಮಾಡಿ. ಪಬ್ಲಿಕ್ ಎಂದಿದ್ದರೆ ವಿಂಡೋಸ್ ಬಸ್‌ಸ್ಟ್ಯಾಂಡಿನ ವೈಫೈಯಲ್ಲಿ ಇದ್ದಂತೆ ಬಾಗಿಲು ಹಾಕಿಕೊಂಡು ಕೂರುತ್ತದೆ. ಅಡ್ವಾನ್ಸ್ಡ್ ಶೇರಿಂಗ್ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಡಿಸ್ಕವರಿ, ಫೈಲ್ ಆ್ಯಂಡ್ ಪ್ರಿಂಟರ್ ಶೇರಿಂಗ್ ಎರಡನ್ನೂ ಆನ್ ಮಾಡಿ.

ಮುಖ್ಯ ಕಂಪ್ಯೂಟರಿನಲ್ಲಿ ಹಂಚಿಕೆಗೆಂದೇ ಒಂದು ಲೋಕಲ್ ಯೂಸರ್ ಖಾತೆ ತೆರೆದು ಪಾಸ್‌ವರ್ಡ್ ಕೊಡಿ. ಇದನ್ನು ಬಿಟ್ಟವರೇ ಹೆಚ್ಚು ಒದ್ದಾಡುವುದು. ದಿನಾ ಪಿನ್ ಹಾಕಿ ತೆರೆಯುವ ಕಂಪ್ಯೂಟರಿಗೆ ನೆಟ್‌ವರ್ಕಿನಿಂದ ಹೋದಾಗ ಪಿನ್ ನಡೆಯುವುದಿಲ್ಲ, ಅದು ಪಾಸ್‌ವರ್ಡನ್ನೇ ಕೇಳುತ್ತದೆ. ಪಾಸ್‌ವರ್ಡ್ ಇಲ್ಲದ ಖಾತೆಯನ್ನು ವಿಂಡೋಸ್ ನೆಟ್‌ವರ್ಕಿನಿಂದ ಒಳಗೇ ಬಿಡುವುದಿಲ್ಲ.

ಡಿ ಡ್ರೈವಿನಲ್ಲಿ 'ಕೆಲಸ' ಎಂಬ ಫೋಲ್ಡರ್ ಮಾಡಿ ರೈಟ್ ಕ್ಲಿಕ್, ಪ್ರಾಪರ್ಟೀಸ್, ಶೇರಿಂಗ್, ಅಡ್ವಾನ್ಸ್ಡ್ ಶೇರಿಂಗ್. ಶೇರ್ ದಿಸ್ ಫೋಲ್ಡರ್ ಟಿಕ್ ಮಾಡಿ. ಪರ್ಮಿಶನ್ಸ್‌ನಲ್ಲಿ ಎವ್ರಿಒನ್ ತೆಗೆದು ಹೊಸ ಖಾತೆಯನ್ನು ಸೇರಿಸಿ ಚೇಂಜ್, ರೀಡ್ ಕೊಡಿ. ಪಕ್ಕದ ಸೆಕ್ಯುರಿಟಿ ಟ್ಯಾಬಿನಲ್ಲೂ ಅದೇ ಖಾತೆಗೆ ಮಾಡಿಫೈ ಹಕ್ಕು ಕೊಡಬೇಕು. ಎರಡು ಕಡೆಯ ಹಕ್ಕಿನಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಫೈಲ್ ತೆರೆಯುತ್ತದೆ, ಸೇವ್ ಆಗುವುದಿಲ್ಲ ಎಂದರೆ ಈ ಎರಡರಲ್ಲಿ ಒಂದು ಕಡೆ ಹಕ್ಕು ಕೊಡಲು ಮರೆತಿದ್ದೀರಿ.

ಉಳಿದ ಕಂಪ್ಯೂಟರುಗಳಲ್ಲಿ ದಿಸ್ ಪಿಸಿ ತೆರೆದು ಮ್ಯಾಪ್ ನೆಟ್‌ವರ್ಕ್ ಡ್ರೈವ್ ಒತ್ತಿ, \\192.168.1.10\ಕೆಲಸ ಎಂದು ಕೊಟ್ಟು, ಆ ಖಾತೆಯ ಹೆಸರು, ಪಾಸ್‌ವರ್ಡ್ ತುಂಬಿ, ನೆನಪಿಟ್ಟುಕೋ ಎಂದು ಟಿಕ್ ಮಾಡಿ. ಮುಂದೆ ಅದು ಝಡ್ ಡ್ರೈವ್ ಆಗಿ ಕಾಣುತ್ತದೆ. ಮುಖ್ಯ ಕಂಪ್ಯೂಟರಿನ ಪವರ್ ಸೆಟ್ಟಿಂಗ್ಸ್‌ನಲ್ಲಿ ಸ್ಲೀಪ್ ನೆವರ್ ಇರಲಿ. ಅದು ಮಲಗಿದರೆ ಎಲ್ಲರ ಝಡ್ ಡ್ರೈವೂ ಮಾಯ.

ಡಿಟಿಪಿಯವರಿಗೆ ಎರಡು ಮಾತು. ನುಡಿ, ಬರಹದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ಫೈಲು ನೆಟ್‌ವರ್ಕಿನಲ್ಲಿ ಬಂದರೂ ಆ ಫಾಂಟು ಬರುವುದಿಲ್ಲ. ಎಲ್ಲ ಕಂಪ್ಯೂಟರಿನಲ್ಲೂ ಅದೇ ಫಾಂಟ್ ಹಾಕಿರದಿದ್ದರೆ ಲಗ್ನಪತ್ರಿಕೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಿಚಡಿಯಾಗುತ್ತದೆ. ಯೂನಿಕೋಡಿಗೆ ಈ ತೊಂದರೆಯಿಲ್ಲ. ಇನ್ನು, ಒಬ್ಬರು ತೆರೆದಿಟ್ಟ ವರ್ಡ್ ಫೈಲನ್ನು ಇನ್ನೊಬ್ಬರು ತೆರೆದರೆ 'ಲಾಕ್ ಆಗಿದೆ' ಎನ್ನುತ್ತದೆ, ಅದು ಸರಿಯೇ. ಯಾರೂ ತೆರೆದಿಲ್ಲದಿದ್ದರೂ ಹಾಗೆಂದರೆ, ಮಧ್ಯೆ ಕರೆಂಟ್ ಹೋದಾಗ ಉಳಿದ, ~$ ಎಂದು ಶುರುವಾಗುವ ಅಡಗಿದ ಫೈಲು ಫೋಲ್ಡರಿನಲ್ಲಿ ಕೂತಿರುತ್ತದೆ. ಹಿಡನ್ ಫೈಲ್ ತೋರಿಸುವಂತೆ ಮಾಡಿ ಅಳಿಸಿ.

ಪ್ರಿಂಟರು

ಲ್ಯಾನ್ ಪೋರ್ಟ್ ಇರುವ ಪ್ರಿಂಟರನ್ನು ಸ್ವಿಚ್ಚಿಗೇ ಕೊಡಿ, ಒಂದು ಕಂಪ್ಯೂಟರಿಗೆ ಯುಎಸ್‌ಬಿಯಲ್ಲಿ ಹಾಕಿ ಅಲ್ಲಿಂದ ಹಂಚಬೇಡಿ. ಹಂಚಿದ ಕಂಪ್ಯೂಟರ್ ಆಫ್ ಆದರೆ ಎಲ್ಲರ ಪ್ರಿಂಟೂ ನಿಲ್ಲುತ್ತದೆ. ಅದಲ್ಲದೆ 2021ರ ಸೆಪ್ಟೆಂಬರಿನ ವಿಂಡೋಸ್ ಅಪ್‌ಡೇಟಿನ ನಂತರ ಹಾಗೆ ಹಂಚಿದ ಪ್ರಿಂಟರುಗಳಲ್ಲಿ 0x0000011b ಎಂಬ ದೋಷ ಎಷ್ಟೋ ಕಡೆ ತಲೆನೋವಾಯಿತು. ಯುಎಸ್‌ಬಿ ಪ್ರಿಂಟರೇ ಗತಿ ಎಂದಾದರೆ ಎಲ್ಲ ಕಂಪ್ಯೂಟರನ್ನೂ ಅಪ್‌ಡೇಟ್ ಮಾಡಿಟ್ಟುಕೊಳ್ಳಿ.

ಪ್ರತಿ ಕಂಪ್ಯೂಟರಿನಲ್ಲಿ ಪ್ರಿಂಟರ್ಸ್ ಆ್ಯಂಡ್ ಸ್ಕ್ಯಾನರ್ಸ್, ಆ್ಯಡ್ ಮ್ಯಾನ್ಯುಯಲಿ, ಐಪಿ ವಿಳಾಸದಿಂದ ಸೇರಿಸು ಎಂಬ ದಾರಿಯಲ್ಲಿ ಹೋಗಿ ಟಿಸಿಪಿ/ಐಪಿ ಡಿವೈಸ್ ಆರಿಸಿ 192.168.1.50 ಕೊಡಿ. ವಿಂಡೋಸ್ ತಾನಾಗಿ ಹುಡುಕಿದ್ದನ್ನು ಒಪ್ಪಿಕೊಂಡರೆ ಅದು ಡಬ್ಲ್ಯುಎಸ್‌ಡಿ ಎಂಬ ಪೋರ್ಟ್ ಹಾಕುವುದುಂಟು. ಪ್ರಿಂಟರು ಎದುರಿಗೇ ಉರಿಯುತ್ತಿದ್ದರೂ 'ಆಫ್‌ಲೈನ್' ಎನ್ನುವ ರೋಗ ಅದಕ್ಕೆ ಹೆಚ್ಚು. ಟಿಸಿಪಿ/ಐಪಿಯಲ್ಲೂ ಆಫ್‌ಲೈನ್ ಎಂದರೆ ಪ್ರಿಂಟರ್ ಪ್ರಾಪರ್ಟೀಸ್‌ನಲ್ಲಿ ಪೋರ್ಟ್ಸ್, ಕಾನ್ಫಿಗರ್ ಪೋರ್ಟ್‌ಗೆ ಹೋಗಿ ಎಸ್‌ಎನ್‌ಎಂಪಿ ಸ್ಟೇಟಸ್ ಟಿಕ್ ತೆಗೆಯಿರಿ.

ಕೆಟ್ಟಾಗ

ಕೆಳಗಿನಿಂದ ಮೇಲಕ್ಕೆ ಹೋಗಿ. ಸ್ವಿಚ್ಚಿನ ಆ ಪೋರ್ಟಿನ ದೀಪ ಉರಿಯುತ್ತಿದೆಯೇ? ಇಲ್ಲದಿದ್ದರೆ ಕೇಬಲ್. ಉರಿದರೆ 'ಐಪಿಕಾನ್ಫಿಗ್' ಕೊಡಿ. 169.254ರಿಂದ ಶುರುವಾಗುವ ವಿಳಾಸ ಕಂಡರೆ ರೂಟರಿನಿಂದ ವಿಳಾಸ ಸಿಗದೆ ಕಂಪ್ಯೂಟರು ತಾನೇ ಒಂದು ಇಟ್ಟುಕೊಂಡಿದೆ. ವಿಳಾಸ ಸರಿಯಿದ್ದರೆ 'ಪಿಂಗ್ 192.168.1.50' (ping 192.168.1.50) ಕೊಡಿ. ಉತ್ತರ ಬಂದರೆ ದಾರಿ ಸರಿಯಿದೆ, ಪೋರ್ಟನ್ನೂ ಡ್ರೈವರನ್ನೂ ನೋಡಿ. ಒಂದು ಎಚ್ಚರಿಕೆ: ವಿಂಡೋಸ್ ಕಂಪ್ಯೂಟರಿನ ಫೈರ್‌ವಾಲ್ ಪಿಂಗ್‌ಗೆ ಉತ್ತರ ಕೊಡದೆಯೂ ಇರಬಹುದು, ಪ್ರಿಂಟರು, ರೂಟರುಗಳ ಪಿಂಗನ್ನು ಹೆಚ್ಚು ನಂಬಿ. ಪಾಸ್‌ವರ್ಡ್ ಬದಲಿಸಿದ ಮೇಲೆ ಫೋಲ್ಡರ್ ತೆರೆಯದಿದ್ದರೆ ಕಂಟ್ರೋಲ್ ಪ್ಯಾನೆಲಿನ ಕ್ರೆಡೆನ್ಶಿಯಲ್ ಮ್ಯಾನೇಜರಿನಲ್ಲಿ ಹಳೆಯದು ಉಳಿದಿರುತ್ತದೆ, ತೆಗೆಯಿರಿ.

ಇಡೀ ನೆಟ್‌ವರ್ಕು ಒಮ್ಮೆಲೇ ಸತ್ತು, ಸ್ವಿಚ್ಚಿನ ದೀಪಗಳೆಲ್ಲ ಒಟ್ಟಿಗೇ ಪಟಪಟ ಮಿನುಗುತ್ತಿದ್ದರೆ ಯಾರೋ ಗುಡಿಸುವಾಗ ಕಿತ್ತುಬಂದ ಕೇಬಲಿನ ಎರಡೂ ತುದಿಯನ್ನು ಅದೇ ಸ್ವಿಚ್ಚಿಗೆ ಸಿಕ್ಕಿಸಿದ್ದಾರೆ. ಕೂಗು ಸುತ್ತಿ ಸುತ್ತಿ ಬಂದು ಸ್ವಿಚ್ಚನ್ನು ಮುಳುಗಿಸುತ್ತದೆ. ಒಂದೊಂದೇ ಕೇಬಲ್ ಕಿತ್ತು ನೋಡಿ.

ವೈಫೈ ಸಾಲದೆಂದು ಹಳೆಯ ರೂಟರನ್ನು ಸೇರಿಸುವವರು ಅದರ ವ್ಯಾನ್ ಪೋರ್ಟಿಗೆ (ಇಂಟರ್ನೆಟ್ ಒಳಬರುವ ಪೋರ್ಟು) ಕೇಬಲ್ ಕೊಡುತ್ತಾರೆ. ಆಗ ಅದರ ಹಿಂದೆ ಬೇರೆಯದೇ ನೆಟ್‌ವರ್ಕ್ ಹುಟ್ಟುತ್ತದೆ, ಅಲ್ಲಿನ ಲ್ಯಾಪ್‌ಟಾಪ್‌ಗಳ ಪ್ರಿಂಟರ್ ಪಟ್ಟಿಯಲ್ಲಿ ನಿಮ್ಮ ಪ್ರಿಂಟರು ಬರುವುದಿಲ್ಲ. ಹಳೆಯದರಲ್ಲಿ ಡಿಎಚ್‌ಸಿಪಿ ನಿಲ್ಲಿಸಿ, ವಿಳಾಸ 192.168.1.2 ಮಾಡಿ, ಕೇಬಲನ್ನು ಲ್ಯಾನ್ ಪೋರ್ಟಿಗೆ ಹಾಕಿ. ಡಿಎಚ್‌ಸಿಪಿ ನಿಲ್ಲಿಸದೆ ಲ್ಯಾನ್‌ಗೆ ಹಾಕಿದರೆ ಇನ್ನೂ ಕೆಟ್ಟದು: ಇಬ್ಬರು ವಿಳಾಸ ಹಂಚತೊಡಗಿ, ಯಾರಿಗೆ ಯಾವುದು ಸಿಗುವುದೋ ಹೇಳಲಾಗದು.

ಗಿರಾಕಿಗಳಿಗೆ ವೈಫೈ ಕೊಡುವುದಾದರೆ ಗೆಸ್ಟ್ ನೆಟ್‌ವರ್ಕಿನಿಂದ ಕೊಡಿ, ಅಲ್ಲಿಂದ ನಿಮ್ಮ ಫೋಲ್ಡರ್, ಪ್ರಿಂಟರ್ ಮುಟ್ಟಲಾಗದು. ಸಿಬ್ಬಂದಿಯ ಮೊಬೈಲಿನಿಂದ ಪ್ರಿಂಟ್ ಬರುತ್ತಿಲ್ಲವೆಂದರೆ ಅದೂ ಗೆಸ್ಟಿನಲ್ಲೇ ಇದೆಯೋ ನೋಡಿ. ಸ್ವಿಚ್ಚು, ರೂಟರು ಎರಡಕ್ಕೂ ಯುಪಿಎಸ್‌ನಿಂದಲೇ ಕರೆಂಟ್ ಕೊಡಿ. ಅವೆರಡೂ ಎಳೆಯುವ ಕರೆಂಟ್ ಅತ್ಯಲ್ಪ.

ಪಾಸ್‌ವರ್ಡ್ ಯಾಕೆ, ಎಲ್ಲರಿಗೂ ಬಿಟ್ಟರಾಯಿತಲ್ಲ ಎನ್ನುವವರಿಗೆ: ವಿಂಡೋಸ್ 11 ಪ್ರೊದ 24ಎಚ್2 ಆವೃತ್ತಿಯಿಂದ ಪಾಸ್‌ವರ್ಡ್ ಇಲ್ಲದ ಗೆಸ್ಟ್ ಹಂಚಿಕೆಗೆ ಹೋಗುವುದನ್ನು ವಿಂಡೋಸೇ ತಡೆಯುತ್ತದೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಸುಲಿಗೆ ವೈರಸ್ಸು ಜಗತ್ತಿನ ತುಂಬ ಕಂಪ್ಯೂಟರುಗಳ ಫೈಲಿಗೆ ಬೀಗ ಹಾಕಿದ್ದು ಇದೇ ಫೈಲ್ ಹಂಚಿಕೆಯ ಹಳೆಯ ರೂಪವಾದ ಎಸ್‌ಎಂಬಿ1ರ ದೋಷವನ್ನು ಹಿಡಿದು. ಹಳೆಯ ಕಾಪಿಯರಿನಿಂದ ಸ್ಕ್ಯಾನ್ ಬರಲೆಂದು ಎಸ್‌ಎಂಬಿ1 ಆನ್ ಮಾಡಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಆ ಯಂತ್ರದಿಂದ ಯುಎಸ್‌ಬಿಗೆ ಸ್ಕ್ಯಾನ್ ಮಾಡಿಕೊಳ್ಳಿ. ಮನೆಯಿಂದಲೂ ಅಂಗಡಿಯ ಫೋಲ್ಡರ್ ಬೇಕೆಂದು ರೂಟರಿನಲ್ಲಿ ಫೈಲ್ ಹಂಚಿಕೆಗೆ ಬಳಕೆಯಾಗುವ 445ನೇ ಪೋರ್ಟನ್ನು ಹೊರಜಗತ್ತಿಗೆ ತೆರೆಯುವುದಂತೂ ಬೇಡವೇ ಬೇಡ, ಅದಕ್ಕೆ ವಿಪಿಎನ್ (ಹೊರಗಿನಿಂದ ನಿಮ್ಮ ನೆಟ್‌ವರ್ಕಿಗೆ ಗುಟ್ಟಾಗಿ ಬರುವ ದಾರಿ) ಇದೆ. 'ಕೆಲಸ' ಫೋಲ್ಡರಿನ ನಕಲನ್ನು ವಾರಕ್ಕೊಮ್ಮೆ ಹೊರಗಿನ ಹಾರ್ಡ್‌ಡಿಸ್ಕಿಗೆ ತೆಗೆದು, ಡಿಸ್ಕನ್ನು ಕಂಪ್ಯೂಟರಿನಿಂದ ಕಿತ್ತಿಡಿ. ಸಿಕ್ಕಿಸಿಯೇ ಬಿಟ್ಟರೆ ಫೋಲ್ಡರಿಗೆ ಬಿದ್ದ ಬೀಗ ನಕಲಿಗೂ ಬೀಳುತ್ತದೆ.