ಸ್ವಂತ ಸರ್ವರ್ ಇಲ್ಲದೆ ಪುಸ್ತಕ ಹುಡುಕುವ ವೆಬ್‌ಸೈಟ್

ಮಂಡ್ಯದ ನಮ್ಮ ಬಡಾವಣೆಯಲ್ಲಿ ಒಂದು ಪುಟ್ಟ ವಾಚನಾಲಯವಿದೆ. ಸುಮಾರು 600 ಪುಸ್ತಕಗಳಿವೆ. ಕೆರಗೋಡಿನಿಂದ ಬಸ್ ಹತ್ತಿ ಬಂದವರು ಬೇಕಾದ ಪುಸ್ತಕ ಸಿಗದೆ ಬರಿಗೈಯಲ್ಲಿ ಹೋಗುತ್ತಿದ್ದರು. ಅದಕ್ಕೇ ಒಮ್ಮೆ ಡೇಟಾಬೇಸ್ ಇರುವ ವೆಬ್‌ಸೈಟ್ ಮಾಡಿಸಿದೆವು. ಎರಡನೇ ವರ್ಷ ಸರ್ವರ್ (ಸೈಟನ್ನು ಸದಾ ನಡೆಸುವ ಕಂಪ್ಯೂಟರ್) ಬಾಡಿಗೆ ಕಟ್ಟಲು ದುಡ್ಡಿರಲಿಲ್ಲ. ಸೈಟ್ ನಿಂತುಹೋಯಿತು, ಅದರ ಜೊತೆ ಪಟ್ಟಿಯೂ ಹೋಯಿತು.

ಈಗಿನದಕ್ಕೆ ಬಾಡಿಗೆಯೇ ಇಲ್ಲ. ಅಲ್ಲಿರುವುದು ಬರೀ ಫೈಲ್‌ಗಳು. ಹುಡುಕುವ, ವಿಂಗಡಿಸುವ ಕೆಲಸವೆಲ್ಲ ಓದುಗರ ಫೋನಿನ ಬ್ರೌಸರ್‌ನದು. ಎಚ್‌ಟಿಎಂಎಲ್, ಜಾವಾಸ್ಕ್ರಿಪ್ಟ್ ಸ್ವಲ್ಪ ಗೊತ್ತಿದ್ದರೆ ನೀವೂ ಮಾಡಬಹುದು.

ಮೊದಲು ಪಟ್ಟಿ ಮಾಡಿಕೊಳ್ಳಿ. ಸ್ಪ್ರೆಡ್‌ಶೀಟ್‌ನಲ್ಲಿ ಹೆಸರು, ಲೇಖಕರು, ವಿಷಯ, ಕಪಾಟಿನ ಸಂಖ್ಯೆ ಅಂತ ನಾಲ್ಕು ಕಾಲಂ ಸಾಕು. ಅದನ್ನು ಜೇಸನ್ ಫೈಲ್ (ಜಾವಾಸ್ಕ್ರಿಪ್ಟ್ ಸುಲಭವಾಗಿ ಓದಬಲ್ಲ ಪಠ್ಯದ ಫೈಲ್) ಆಗಿ ಬದಲಿಸಿ. ಎಲ್ಲ ಭಾಷೆಯ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಒಂದೊಂದು ಕನ್ನಡ ಅಕ್ಷರಕ್ಕೂ, ಒತ್ತು, ಗುಣಿತದ ಚಿಹ್ನೆಗಳಿಗೂ 3 ಬೈಟ್ ಬೇಕು. ಆದರೂ 600 ಪುಸ್ತಕಗಳ ಪಟ್ಟಿ ಫೋನಿನಲ್ಲಿ ತೆಗೆದ ಒಂದು ಫೋಟೋಗಿಂತ ಚಿಕ್ಕದು.

ಒಂದೇ ಫೋಲ್ಡರ್‌ನಲ್ಲಿ ಪುಟದ ಫೈಲ್, ಸ್ಕ್ರಿಪ್ಟ್ ಮತ್ತು ಪಟ್ಟಿ ಇಡಿ. ಪುಟ ತೆರೆದಾಗ ಜಾವಾಸ್ಕ್ರಿಪ್ಟ್‌ನ 'ಫೆಚ್' ಬಳಸಿ ಪಟ್ಟಿಯನ್ನು ಒಮ್ಮೆ ತರಿಸಿಕೊಳ್ಳಬೇಕು. ಹುಡುಕುವ ಬಾಕ್ಸ್‌ನಲ್ಲಿ ಅಕ್ಷರ ಒತ್ತಿದಾಗಲೆಲ್ಲ 'ಫಿಲ್ಟರ್' ನಡೆಸಿ, ಹೊಂದುವ ಪುಸ್ತಕಗಳನ್ನು ತೋರಿಸಬೇಕು. ಪುಟದ ಫೈಲನ್ನು ಸುಮ್ನೆ ಡಬಲ್ ಕ್ಲಿಕ್ ಮಾಡಿ ತೆರೆದರೆ ಬ್ರೌಸರ್ ಪಟ್ಟಿ ತರಲು ಬಿಡುವುದಿಲ್ಲ. ಪೈಥಾನ್ ಜೊತೆಗೇ ಬರುವ ಚಿಕ್ಕ ಎಚ್‌ಟಿಟಿಪಿ ಸರ್ವರ್ ಅನ್ನು ನಿಮ್ಮ ಕಂಪ್ಯೂಟರ್‌ನಲ್ಲೇ ಓಡಿಸಿ ಪರೀಕ್ಷಿಸಿ.

ಕನ್ನಡದಲ್ಲಿ ಹುಡುಕುವಾಗ ಒಂದು ತೊಡಕಿದೆ. ನಾನು 'ಹೊಯ್ಸಳ' ಅಂತ ಹುಡುಕಿದೆ, ಏನೂ ಸಿಗಲಿಲ್ಲ. ಪಟ್ಟಿಯಲ್ಲಿ ಆ ಪದ ಕಣ್ಣಿಗೆ ಕಾಣುತ್ತಲೇ ಇತ್ತು! ಯೂನಿಕೋಡ್‌ನಲ್ಲಿ ಒ-ಕಾರದ ಚಿಹ್ನೆಯನ್ನು ಎರಡು ರೀತಿ ಬರೆಯಬಹುದು. ಒಂದೇ ಸಂಕೇತವಾಗಿ ಬರೆಯಬಹುದು, ಇಲ್ಲವೇ ಎ-ಕಾರದ ಚಿಹ್ನೆಗೆ ಊ-ಕಾರದ ಚಿಹ್ನೆ ಸೇರಿಸಿ ಬರೆಯಬಹುದು. ನೋಡಲು ಎರಡೂ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ಈ, ಏ, ಐ, ಓ ಕಾರಗಳದ್ದೂ ಇದೇ ಕಥೆ. ಹಳೇ ಫಾಂಟ್‌ನಿಂದ ಬದಲಿಸಿದ ಪಟ್ಟಿಯಾದರೆ ಇದನ್ನು ಮರೆಯಲೇಬೇಡಿ. ಪರಿಹಾರ ಒಂದೇ ಸಾಲಿನದು: ಪಟ್ಟಿಯ ಪದಕ್ಕೂ ಓದುಗರು ಬರೆದ ಪದಕ್ಕೂ ಎರಡೂ ಬಗೆಯನ್ನು ಒಂದೇ ರೂಪಕ್ಕೆ ತರುವ 'ನಾರ್ಮಲೈಸ್' ಹಾಕಿ, ಆಮೇಲೆ ಹೋಲಿಸಿ. ಅಕ್ಷರಗಳ ನಡುವೆ ಕಣ್ಣಿಗೆ ಕಾಣದಂತೆ ಕೂರುವ ಜೋಡಕ ಸಂಕೇತಗಳನ್ನೂ ತೆಗೆದುಬಿಡಿ. ಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಲು, ಪದಗಳನ್ನು ಭಾಷೆಯ ಕ್ರಮದಲ್ಲಿ ಹೋಲಿಸುವ 'ಲೋಕೇಲ್‌ಕಂಪೇರ್'ಗೆ ಕನ್ನಡದ ಸಂಕೇತ 'ಕೆಎನ್' ಕೊಡಿ.

ಹುಡುಕಿದ ಪದವನ್ನು ವಿಳಾಸದ ಕೊನೆಯಲ್ಲಿ ಸೇರಿಸಿದರೆ ಅದೇ ಫಲಿತಾಂಶವನ್ನು ವಾಟ್ಸಾಪ್‌ನಲ್ಲಿ ಕಳಿಸಬಹುದು. ಮೇಷ್ಟ್ರುಗಳು ಇದನ್ನೇ ಜಾಸ್ತಿ ಬಳಸುತ್ತಾರೆ. 'ಓದಬೇಕಾದ್ದು' ಅಂತ ಗುರುತು ಹಾಕಿಕೊಳ್ಳಲು ಬ್ರೌಸರ್‌ನಲ್ಲೇ ವಿವರ ಉಳಿಸಿಡುವ 'ಲೋಕಲ್ ಸ್ಟೋರೇಜ್' ಇದೆ, ಆದರೆ ಆ ಗುರುತು ಆ ಫೋನಿನಲ್ಲಿ ಮಾತ್ರ ಇರುತ್ತದೆ.

ಒಂದು ಎಚ್ಚರ. ಬ್ರೌಸರ್‌ಗೆ ಹೋದದ್ದನ್ನೆಲ್ಲ ಯಾರು ಬೇಕಾದರೂ ತೆರೆದು ಓದಬಹುದು. ಸದಸ್ಯರ ಫೋನ್ ನಂಬರ್, ಪಾಸ್‌ವರ್ಡ್ ಈ ಫೋಲ್ಡರ್‌ಗೆ ಬರಲೇಕೂಡದು. ಪುಟದಲ್ಲಿ ಕಾಣದಂತೆ ಮಾಡಿದರೆ ಸಾಕು ಅಂದುಕೊಳ್ಳಬೇಡಿ. ಸದಸ್ಯರ ವಿವರ ನಮ್ಮಲ್ಲಿ ಇವತ್ತಿಗೂ ರಿಜಿಸ್ಟರ್ ಪುಸ್ತಕದಲ್ಲೇ ಇದೆ.

ಕೊನೆಗೆ ಫೋಲ್ಡರನ್ನು, ಫೈಲ್‌ಗಳನ್ನು ವೆಬ್‌ಸೈಟ್ ಆಗಿ ತೋರಿಸುವ ಗಿಟ್‌ಹಬ್ ಪೇಜಸ್‌ಗೆ ಏರಿಸಿ. ಎಲ್ಲರಿಗೂ ತೆರೆದಿಟ್ಟ ಫೋಲ್ಡರ್‌ಗೆ ಅಲ್ಲಿ ದುಡ್ಡಿಲ್ಲ. ಸೈಟ್ 1 ಜಿಬಿ ಒಳಗಿರಬೇಕು, ನಮ್ಮಂಥವರಿಗೆ ಅದು ಧಾರಾಳ. ಪಟ್ಟಿಯ ಒಂದು ಪ್ರತಿ ಪೆನ್‌ಡ್ರೈವ್‌ನಲ್ಲೂ ಇರಲಿ.

ಯಾವ ಪುಸ್ತಕ ಹೊರಗೆ ಹೋಗಿದೆ ಅನ್ನುವುದು ದಿನಾ ಬದಲಾಗುತ್ತದೆ, ಅಲ್ವಾ? ಅದಕ್ಕೆ ಪಟ್ಟಿಯಲ್ಲಿ ಇನ್ನೊಂದು ಕಾಲಂ ಸೇರಿಸಿದ್ದೇವೆ. ಸಂಜೆ ಬಾಗಿಲು ಹಾಕುವ ಮುಂಚೆ ವಾಚನಾಲಯ ನೋಡಿಕೊಳ್ಳುವ ಅಕ್ಕ ಅದನ್ನು ತಿದ್ದಿ ಮತ್ತೆ ಏರಿಸುತ್ತಾರೆ. ಕೆರಗೋಡಿನವರು ಈಗ ಬೆಳಿಗ್ಗೆ ಅದನ್ನು ನೋಡಿಕೊಂಡೇ ಬಸ್ ಹತ್ತುತ್ತಾರೆ.