ಹಾರಾಟಕ್ಕಂತಲೇ ಒಂದು ಪ್ರವಾಸ: ಏಳನೇ ಕ್ಲಾಸಿನ ಮಕ್ಕಳನ್ನ ಶಿವಮೊಗ್ಗದ ಸೋಗಾನೆಯಿಂದ ಬೆಂಗಳೂರಿಗೆ ಹಾರಿಸಿದ ನನ್ನ ಅನುಭವ

ಒಂದು ಗಂಟೆ ವಿಮಾನದಲ್ಲಿ ಕೂರ್ಸೋಕೆ ಎಂಬತ್ತು ತೊಂಬತ್ತು ಸಾವಿರನಾ, ಅದೇ ದುಡ್ಡಲ್ಲಿ ಹಾಸನ, ಬೇಲೂರು, ಮೈಸೂರು ಎಲ್ಲ ಮುಗಿಸ್ಕೊಂಡು ಬರಬಹುದಲ್ಲ ಮೇಷ್ಟ್ರೆ ಅಂತ ನನ್ನನ್ನ ಕೇಳದೆ ಇದ್ದವರು ಕಮ್ಮಿ. ಶಾಲೆ ಪೋಷಕರ ಸಮಿತಿ ಎಸ್‌ಡಿಎಂಸಿ ಮೀಟಿಂಗಲ್ಲಿ ಕೇಳಿದ್ರು, ಸ್ಟಾಫ್ ರೂಮಲ್ಲಿ ಕೇಳಿದ್ರು, ಅಡಿಕೆ ಮಂಡಿಯಲ್ಲಿ ಸಿಕ್ಕಿದವರೂ ಕೇಳಿದ್ರು. ಈಗ ಆಗಿದೆ, ಇಪ್ಪತ್ತೊಂದು ಮಕ್ಕಳು ಹೋಗಿ ಬಂದಾಯ್ತು, ಅದಕ್ಕೆ ಬರೀತಿದೀನಿ. ಸರ್ಕಾರಿ ಶಾಲೆಯಲ್ಲಿ ಪ್ರವಾಸ ಮಾಡಿಸಿರೋ ಮೇಷ್ಟ್ರುಗಳಿಗೆ ಬಿಇಓ ಪರ್ಮಿಷನ್ನು, ಪೋಷಕರ ಒಪ್ಪಿಗೆ ಪತ್ರ, ಇನ್ಶೂರೆನ್ಸು ಇವೆಲ್ಲ ಗೊತ್ತೇ ಇರೋದು, ಅದನ್ನ ಬಿಡ್ತೀನಿ.

ಮೊದಲು ಒಂದು ಮಾತು ಖಡಾಖಂಡಿತ ಹೇಳಿಬಿಡ್ತೀನಿ. ವಿಮಾನದಲ್ಲಿ ಕರ್ಕೊಂಡು ಹೋಗಬೇಕು ಅಂದ್ರೆ ಹಾರಾಟವೇ ಪ್ರವಾಸ ಆಗಬೇಕು, ಎಲ್ಲಿಗೆ ಹೋಗ್ತೀವಿ ಅನ್ನೋದು ಆಮೇಲೆ. ಜನ ಉಲ್ಟಾ ಮಾಡ್ತಾರೆ. ಬೆಂಗಳೂರಲ್ಲಿ ಆರು ಜಾಗ ಲಿಸ್ಟ್ ಮಾಡ್ಕೊಂಡು ಅಲ್ಲಿಗೆ ಬೇಗ ಮುಟ್ಟೋಕೆ ಅಂತ ವಿಮಾನ ಹತ್ತಿಸ್ತಾರೆ, ಸಿಕ್ಕಿದ ಸೀಟಲ್ಲಿ ಕೂರಿಸ್ತಾರೆ, ಕತ್ತಲಲ್ಲಿ ಹಾರಿಸ್ತಾರೆ, ಮಗು ಮನೆಗೆ ಬಂದು ಏನೂ ಕಾಣಲಿಲ್ಲ ಅನ್ನುತ್ತೆ. ನಾನು ಫ್ಲೈಟು, ಸೀಟು, ಹೊತ್ತು, ತಿಂಗಳು ಎಲ್ಲಾ ಕಿಟಕಿಯ ಲೆಕ್ಕದಲ್ಲೇ ಆರಿಸಿದ್ದು.

ನಮ್ಮದು ಶಿವಮೊಗ್ಗ ಜಿಲ್ಲೆಯ ಕುಂಸಿ ಕಡೆ ಹಳ್ಳಿ. ಸೋಗಾನೆಯ ಕುವೆಂಪು ವಿಮಾನ ನಿಲ್ದಾಣ 2023ರ ಫೆಬ್ರವರಿ 27ಕ್ಕೆ ಉದ್ಘಾಟನೆ ಆಯ್ತು, ಆಗಸ್ಟ್ 31ಕ್ಕೆ ಇಂಡಿಗೋದ ಮೊದಲ ಫ್ಲೈಟು ಬೆಂಗಳೂರಿಂದ ಬಂತು. ಅವತ್ತಿಂದ್ಲೇ ನಮ್ಮ ಹುಡುಗರ ತಲೇಲಿ ಅದೇ. ನನ್ನ ಮೊದಲ ಪ್ಲಾನು ಹೋಗ್ತಾ ಬರ್ತಾ ಎರಡೂ ವಿಮಾನ ಅಂತ ಇತ್ತು. ದುಡ್ಡು ಒಟ್ಟು ಮಾಡೋ ಹೊತ್ತಿಗೆ ರೇಟು ಏರ್ತಾ ಹೋಯ್ತು, ಇವತ್ತು ಎರಡೂವರೆ ಸಾವಿರ ಇದ್ದಿದ್ದು ಮುಂದಿನ ವಾರ ಮೂರೂಕಾಲು. ಆ ಪ್ಲಾನು ಅಲ್ಲೇ ಸತ್ತಿತು.

ಆಮೇಲೆ ಒಬ್ಬ ಏಜೆಂಟನ್ನ ಹಿಡಿದು ಗ್ರೂಪ್ ಬುಕಿಂಗ್ ಕೇಳಿದೆ, ಗ್ರೂಪು ಅಂದ್ರೆ ಅಗ್ಗ ಇರುತ್ತೆ ಅಂತ ಎಲ್ಲರೂ ಹೇಳಿದ್ರಲ್ಲ, ಅವನು ಕೊಟ್ಟ ರೇಟು ನಾನು ಫೋನಲ್ಲಿ ನೋಡ್ತಿದ್ದ ರೇಟಿಗಿಂತ ತಲೆಗೆ ನಾನೂರು ಐನೂರು ಜಾಸ್ತಿ. ಆದ್ರೂ ಒಂದೇ ಟಿಕೆಟಲ್ಲಿ ಎಲ್ಲರೂ ಇರ್ತಾರಲ್ಲ ಅನ್ನೋ ಧೈರ್ಯಕ್ಕೆ ಅವನತ್ರನೇ ಮಾಡ್ಸಿದ್ವಿ, ಆಗಸ್ಟಿಗೆ. ಆಗಸ್ಟಲ್ಲಿ ಮಲೆನಾಡಿನ ಬಾಗಿಲಲ್ಲಿ ಮೋಡ ಹೇಗಿರುತ್ತೆ ನಿಮಗೆ ಗೊತ್ತು. ಮಕ್ಕಳು ಯೂನಿಫಾರ್ಮ್ ಹಾಕ್ಕೊಂಡು ಟರ್ಮಿನಲ್ ಒಳಗೆ ಕೂತಿದ್ರು, ವಿಸಿಬಿಲಿಟಿ ಇಲ್ಲ ಅಂತ ಬೆಂಗಳೂರಿಂದ ಬರಬೇಕಿದ್ದ ವಿಮಾನವೇ ಬರಲಿಲ್ಲ, ಕ್ಯಾನ್ಸಲ್ಲು. ಒಂದಿಬ್ಬರು ಹೆಣ್ಣುಮಕ್ಕಳು ಅತ್ತರು. ಟಿಕೆಟ್ ದುಡ್ಡು ಪೂರ್ತಿ ವಾಪಸ್ ಬಂತು, ಏಜೆಂಟಿನ ಸರ್ವಿಸ್ ಚಾರ್ಜು ಬರಲಿಲ್ಲ, ತಲೆಗೆ ಇನ್ನೂರೈವತ್ತರ ಹಾಗೆ ಹೋಯ್ತು. ಊರಲ್ಲಿ ಮಾತು ಜೋರಾಯ್ತು. ನಮ್ಮ ಹುಡುಗರಿಗೆ ವಿಮಾನ ಹಣೇಲಿ ಬರೆದಿಲ್ಲ ಬಿಡಿ ಮೇಷ್ಟ್ರೆ, ಜೋಗಕ್ಕೆ ಕರ್ಕೊಂಡು ಹೋಗಿ ಅಂದ ಒಬ್ರು ಅಪ್ಪ. ಜೋಗ ನಮ್ಮ ಮಕ್ಕಳು ಹತ್ತು ಸಲ ನೋಡಿದಾರೆ.

ಅವತ್ತು ಟರ್ಮಿನಲ್ಲಿಂದ ವಾಪಸ್ ಬರ್ತಾ ಟೆಂಪೋದಲ್ಲಿ ಹೊಳೆದದ್ದೇ ಈಗ ನನ್ನ ದೊಡ್ಡ ನಿಯಮ: ವಿಮಾನ ಮೊದಲು, ರೈಲು ಆಮೇಲೆ. ಎಲ್ಲರೂ ಹೇಳೋದು ಬೆಳಗಿನ ರೈಲಲ್ಲಿ ಹೋಗಿ, ಬೆಂಗಳೂರು ನೋಡಿ, ಕೊನೆಗೆ ವಿಮಾನದಲ್ಲಿ ವಾಪಸ್ ಬನ್ನಿ, ಮಕ್ಕಳಿಗೆ ಅದು ಹಬ್ಬದೂಟ ಆಗುತ್ತೆ ಅಂತ. ಹಾಗೆ ಮಾಡಿ ವಿಮಾನ ಕ್ಯಾನ್ಸಲ್ ಆದ್ರೆ ಇಪ್ಪತ್ತು ಮಕ್ಕಳನ್ನ ಕಟ್ಕೊಂಡು ಬೆಂಗಳೂರಲ್ಲಿ ರಾತ್ರಿ ಎಲ್ಲಿ ಮಲಗಿಸ್ತೀರಿ? ನಮ್ಮ ಕಡೆಯಿಂದ ಹಾರೋದಾದ್ರೆ ಕ್ಯಾನ್ಸಲ್ ಆದ್ರೂ ಒಂದು ಗಂಟೆಲಿ ಮನೆ. ಸಂಜೆ ಹೊತ್ತಿಗೆ ಮಕ್ಕಳು ಸುಸ್ತಾಗಿರ್ತಾರೆ ಬೇರೆ, ಕಿಟಕಿಗೆ ತಲೆ ಆನಿಸಿ ನಿದ್ದೆ ಮಾಡೋಕೆ ರೈಲು ಸಾಕು, ಅದಕ್ಕೆ ವಿಮಾನದ ದುಡ್ಡು ಯಾಕೆ.

ಎರಡನೇ ಸಲ ನವೆಂಬರಿಗೆ ಇಟ್ಟೆ, ದೀಪಾವಳಿ ರಶ್ ಮುಗಿದ ಮೇಲೆ. ಆಕಾಶ ತೊಳೆದ ಹಾಗಿರುತ್ತೆ, ಕೆರೆಗಳಲ್ಲಿ ನೀರೂ ಇರುತ್ತೆ. ಮಧ್ಯಾಹ್ನದ ಹತ್ತಿರದ ಫ್ಲೈಟು, ಬೆಳಗಿನ ಮಂಜಿನ ಕಾಟವೂ ಇಲ್ಲ.

ಟಿಕೆಟ್ ವಿಷಯಕ್ಕೆ ಬರ್ತೀನಿ. ಆನ್‌ಲೈನಲ್ಲಿ ಒಂದು ಸಲಕ್ಕೆ ಒಂಬತ್ತು ಜನಕ್ಕೆ ಮಾಡಬಹುದು. ಆದ್ರೆ ಒಂಬತ್ತು ಜನ ಅಂತ ಹಾಕಿದ್ರೆ ಮೂರು ಸಾವಿರದ ನೂರು ತೋರಿಸ್ತು, ಒಬ್ಬರೇ ಅಂತ ಹಾಕಿದ್ರೆ ಎರಡು ಸಾವಿರದ ನಾನೂರು. ಕಡಿಮೆ ರೇಟಿನ ಸೀಟು ನಾಕೋ ಐದೋ ಉಳಿದಿರುತ್ತೆ, ಒಂಬತ್ತು ಕೇಳಿದ್ರೆ ಒಂಬತ್ತಕ್ಕೂ ಮೇಲಿನ ರೇಟು ಬೀಳುತ್ತೆ. ಅದಕ್ಕೆ ಒಡೆದು ಒಡೆದು ತಗೊಂಡೆ. ಇಲ್ಲೊಂದು ಹುಷಾರು, 2024ರ ಏಪ್ರಿಲಲ್ಲಿ ವಿಮಾನ ಕಂಪನಿಗಳ ಮೇಲೆ ನಿಗಾ ಇಡೋ ಸರ್ಕಾರಿ ಸಂಸ್ಥೆ ಡಿಜಿಸಿಎ ಹೇಳಿದ್ದು ಹನ್ನೆರಡರ ಒಳಗಿನ ಮಕ್ಕಳಿಗೆ ಅದೇ ಪಿಎನ್‌ಆರ್‌ನಲ್ಲಿರೋ, ಅಂದ್ರೆ ಅದೇ ಟಿಕೆಟಿನಲ್ಲಿರೋ ಅಪ್ಪ ಅಮ್ಮ ಅಥವಾ ಪಾಲಕರ ಪಕ್ಕದಲ್ಲಿ ಸೀಟು ಕೊಡಬೇಕು ಅಂತ. ಆದ್ರಿಂದ ಹನ್ನೆರಡು ತುಂಬದ ಮಕ್ಕಳನ್ನೆಲ್ಲ ನಾವು ಮೂರು ಜನ ಟೀಚರ್ಸ್ ಟಿಕೆಟಿಗೆ ಹಂಚಿದ್ವಿ, ತುಂಬಿದವರನ್ನ ಮೂರು ಮೂರು, ನಾಕು ನಾಕು ಜನದ ಬೇರೆ ಟಿಕೆಟ್ ಮಾಡಿದ್ವಿ. ಏಳನೇ ಕ್ಲಾಸಲ್ಲಿ ಬಹಳ ಜನಕ್ಕೆ ಹನ್ನೆರಡು ಆಗಿರುತ್ತೆ, ಆರನೇ ಕ್ಲಾಸಾಗಿದ್ರೆ ಈ ಆಟ ನಡೀತಿರಲಿಲ್ಲ. ಎಲ್ಲ ಸೇರಿ ಹತ್ತು ಸಾವಿರದಷ್ಟು ಉಳೀತು. ಎಷ್ಟು ದಿನ ಮುಂಚೆ, ವಾರದ ಯಾವ ದಿನದ ಫ್ಲೈಟು ನೋಡಿದೆ ಅನ್ನೋದು ಮಾತ್ರ ಹೇಳಲ್ಲ, ಮುಂದಿನ ವರ್ಷ ನನಗೇ ಬೇಕು ಅದು.

ಹೆಸರು ದೊಡ್ಡ ತಲೆನೋವು. ಶಾಲೆ ರಿಜಿಸ್ಟರಲ್ಲಿ ಒಂದು, ಆಧಾರಲ್ಲಿ ಒಂದು, ಇನಿಶಿಯಲ್ಲು ಒಂದರಲ್ಲಿ ಮುಂದೆ ಒಂದರಲ್ಲಿ ಹಿಂದೆ. ಟಿಕೆಟ್ ಫಾರಂ ಸರ್‌ನೇಮ್ ಕೇಳುತ್ತೆ, ನಮ್ಮ ಮಕ್ಕಳಿಗೆ ಎಲ್ಲಿಂದ ತರೋದು. ಆಧಾರಲ್ಲಿ ಇದ್ದ ಹಾಗೇ ಹಾಕಿ, ಇನಿಶಿಯಲ್ಲನ್ನ ಬಿಡಿಸಿ ಅಪ್ಪನ ಹೆಸರು ಬರೆದ್ವಿ. ಆಧಾರ್, ಶಾಲೆ ಐಡಿ ಕಾರ್ಡು ಎರಡೂ ಇಟ್ಕೊಂಡು ಹೋಗಿದ್ವಿ, ಯಾರೂ ತಕರಾರು ಮಾಡಲಿಲ್ಲ.

ಈಗ ಕಿಟಕಿ. ನಾವು ಹತ್ತಿದ್ದು ಎಟಿಆರ್ 72 ಅನ್ನೋ ವಿಮಾನ, ಎಪ್ಪತ್ತೆಂಟು ಸೀಟು, ರೆಕ್ಕೆಯಲ್ಲಿ ಫ್ಯಾನು ಸುತ್ತೋ ಥರದ್ದು. ಅಯ್ಯೋ ಚಿಕ್ಕ ವಿಮಾನ, ಹಳೇ ಥರದ್ದು, ದೊಡ್ಡ ಜೆಟ್ಟಲ್ಲಿ ಕರ್ಕೊಂಡು ಹೋಗಿ ಅಂತ ಬೆಂಗಳೂರಲ್ಲಿರೋ ನಮ್ಮ ಹಳೇ ವಿದ್ಯಾರ್ಥಿಗಳೇ ಹೇಳಿದ್ರು. ನಾನು ಒಪ್ಪಲ್ಲ. ಮಕ್ಕಳಿಗೆ ಎಟಿಆರ್‌ಗಿಂತ ಒಳ್ಳೇ ವಿಮಾನ ಇಲ್ಲ. ರೆಕ್ಕೆ ಮೇಲುಗಡೆ ಇರುತ್ತೆ, ಯಾವ ಕಿಟಕಿಲಿ ಕೂತ್ರೂ ನೆಲ ಕಾಣುತ್ತೆ. ಈ ಕಡೆ ಎರಡು ಆ ಕಡೆ ಎರಡು ಸೀಟು, ಅಂದ್ರೆ ಅರ್ಧ ಜನ ಕಿಟಕಿಯವರೇ, ಮಧ್ಯದ ಸೀಟು ಅನ್ನೋದೇ ಇಲ್ಲ. ಹಾರೋದೂ ಕೆಳಗೆ, ಜೆಟ್ಟು ಮೂವತ್ತು ಸಾವಿರ ಅಡಿ ದಾಟಿದ್ರೆ ಇದು ನಮ್ಮ ದಾರಿಗೆ ಹದಿನೈದು ಹದಿನಾರು ಸಾವಿರ. ಲಾರಿ ಹೋಗೋದೂ ಗೊತ್ತಾಗುತ್ತೆ. ಫ್ಯಾನು ಸುತ್ತೋದನ್ನ ನೋಡ್ತಾ ಕೂರೋದೇ ಒಂದು ಮಜಾ.

ಇಪ್ಪತ್ನಾಕು ಸೀಟಿಗೆ ಹನ್ನೆರಡು ಕಿಟಕಿ, ಮಕ್ಕಳು ಇಪ್ಪತ್ತೊಂದು. ಜೋಡಿ ಮಾಡಿದೆ. ಹಾರುವಾಗ ಒಬ್ಬರಿಗೆ ಕಿಟಕಿ, ಇಳಿಯುವಾಗ ಇನ್ನೊಬ್ಬರಿಗೆ. ಸೀಟ್ ಬೆಲ್ಟಿನ ಲೈಟು ಆರಿರೋದು ಇಪ್ಪತ್ತು ನಿಮಿಷ ಇರಬಹುದು, ಅಷ್ಟರಲ್ಲಿ ಬದಲಾಗಬೇಕು. ಕೂಗಾಡೋ ಹಾಗಿಲ್ಲ, ನಾನು ಕೆಂಪು ಕರ್ಚೀಫು ಎತ್ತಿದಾಗ ಬದಲಿ. ಟೀಚರ್ ಪಕ್ಕ ಕೂತ ಮೂರು ಮಕ್ಕಳಿಗೆ ಮಾತ್ರ ಪೂರ್ತಿ ಕಿಟಕಿ. ಆ ಮೂರು ಜನ ಯಾರು ಅಂದ್ರೆ ಜಾಸ್ತಿ ಹೆದರಿದ್ದವರು. ಇದಕ್ಕೆ ಕ್ಲಾಸಲ್ಲಿ ಯಾರೂ ಜಗಳ ಆಡಲಿಲ್ಲ. ಸೀಟು ಆರಿಸೋಕೆ ನಾಕು ಸಾವಿರದ ಮೇಲೆ ಹೋಯ್ತು, ಅದು ವೇಸ್ಟ್ ಅಂತ ನಮ್ಮ ಎಚ್‌ಎಂ ಹೇಳಿದ್ರು, ನನ್ನ ಪ್ರಕಾರ ಇಡೀ ಟ್ರಿಪ್ಪಲ್ಲಿ ಬಹಳ ಸಾರ್ಥಕವಾದ ಖರ್ಚು ಅದೇ.

ಮುಂಚಿನ ಒಂದು ವಾರ ಶಾಲೆ ಮೈದಾನದಲ್ಲೇ ಪ್ರಾಕ್ಟೀಸು. ಎಟಿಆರ್ ಉದ್ದ ಹತ್ತತ್ರ 27 ಮೀಟರು, ರೆಕ್ಕೆ ತುದಿಯಿಂದ ತುದಿಗೂ ಅಷ್ಟೇ. ಸುಣ್ಣದ ಪುಡಿಯಲ್ಲಿ ಬರೆದು ಒಳಗೆ ಬೆಂಚು ಹಾಕಿ ಕೂರಿಸಿದೆ. ಪಕ್ಕದಲ್ಲೇ ಇನ್ನೊಂದು ಗೆರೆ, 1903ರಲ್ಲಿ ರೈಟ್ ಸಹೋದರರು ಮೊದಲ ಸಲ ಹಾರಿದ್ದು 12 ಸೆಕೆಂಡು, 120 ಅಡಿ, ಅಂದ್ರೆ 36 ಮೀಟರು. ನಾವು ಕೂರೋ ವಿಮಾನದ ಉದ್ದಕ್ಕಿಂತ ಒಂಬತ್ತೇ ಮೀಟರು ಜಾಸ್ತಿ. ಅದನ್ನ ಓಡಿ ಓಡಿ ನೋಡಿದ್ರು ಮಕ್ಕಳು. ಸೆಕ್ಯೂರಿಟಿಯಲ್ಲಿ ತಕರಾರು ಬೇಡ ಅಂತ ಕಂಪಾಸ್ ಬಾಕ್ಸಿಂದ ಕೈವಾರ ತೆಗೆಸಿದ್ದು ಆಗ್ಲೇ. ಒಬ್ಬ ಹುಡುಗಿ ಅಜ್ಜಿ ಬೆಂಗಳೂರಿನ ಚಿಕ್ಕಮ್ಮನಿಗೆ ಅಂತ ಅಪ್ಪೆಮಿಡಿ ಬಾಟಲು ಕಳಿಸಿದ್ರು, ಅದನ್ನ ಕೈಚೀಲದಿಂದ ತೆಗೆದು ಲಗೇಜಿಗೆ ಹಾಕಿದ್ವಿ. ಒಂದೇ ದಿನದ ಟ್ರಿಪ್ಪಿಗೆ ಲಗೇಜು ಬೇಡ ಅಂತೀರಿ, ನಾನು ಬೇಕಂತಲೇ ಒಂದು ಬ್ಯಾಗು ಚೆಕ್ ಇನ್ ಮಾಡ್ಸಿದ್ದು. ಬೆಂಗಳೂರಲ್ಲಿ ಬೆಲ್ಟ್ ಸುತ್ತೋದು, ನಮ್ಮ ಬ್ಯಾಗು ಪರದೆಯಿಂದ ಹೊರಗೆ ಬರೋದು ಮಕ್ಕಳು ನೋಡಬೇಡ್ವಾ? ಬ್ಯಾಗು ಬಂದಾಗ ಹಾಕಿದ ಕೂಗಿಗೆ ಅಕ್ಕಪಕ್ಕದವರೆಲ್ಲ ನಕ್ಕರು.

ಹಾರಿದ್ದು ಹೇಗಿತ್ತು ಅಂತ ಜಾಸ್ತಿ ಬರೆಯಲ್ಲ, ರನ್‌ವೇಲಿ ಓಡೋಕೆ ಶುರು ಮಾಡಿದಾಗ ಎಲ್ಲಾ ಸೈಲೆಂಟು, ನೆಲ ಬಿಟ್ಟ ಕೂಡ್ಲೇ ಒಂದೇ ಸಲ ಗದ್ದಲ. ಬಲಗಡೆಯವರಿಗೆ ಭದ್ರಾ ಡ್ಯಾಮಿನ ನೀರು, ಎಡಗಡೆ ಸ್ವಲ್ಪ ಹೊತ್ತಾದ ಮೇಲೆ ದೂರದಲ್ಲಿ ವಾಣಿವಿಲಾಸ ಸಾಗರ, ಹೊಸದುರ್ಗದ ಕಡೆ ಗುಡ್ಡದ ಮೇಲೆ ಗಾಳಿಯಂತ್ರ, ಆಮೇಲೆ ಕೆರೆ, ಕೆರೆ, ಕೆರೆ. ಮಲೆನಾಡಿನ ಅಡಿಕೆ ತೋಟ ಮುಗಿದು ಬಯಲು ಸೀಮೆ ಶುರುವಾಗೋದು ಬಣ್ಣದಲ್ಲೇ ಕಾಣುತ್ತೆ, ಇದನ್ನ ನಾನು ಎಷ್ಟು ವರ್ಷ ಬೋರ್ಡ್ ಮೇಲೆ ಬರೆದಿದೀನಿ, ಅವತ್ತು ಮಕ್ಕಳೇ ನನಗೆ ತೋರಿಸಿ ಹೇಳಿದ್ರು. ದಾರಿಯ ಕೆರೆಗಳದ್ದು ಒಂದು ನಕ್ಷೆ ಬರೆಸಿ ಕೈಗೆ ಕೊಟ್ಟಿದ್ದೆ, ಟಿಕ್ ಹಾಕ್ತಾ ಹೋದ್ರು. ಫೋನು ಏರೋಪ್ಲೇನ್ ಮೋಡಲ್ಲಿ ಇದ್ರೂ ಕಿಟಕಿ ಹತ್ರ ಹಿಡಿದ್ರೆ ಜಿಪಿಎಸ್ ಹಿಡಿಯುತ್ತೆ, ಸ್ಪೀಡು ಗಂಟೆಗೆ ಐನೂರು ಕಿಲೋಮೀಟರ್ ಹತ್ರ ತೋರಿಸ್ತು.

ಒಂದು ಪ್ರಯೋಗನೂ ಮಾಡಿದ್ವಿ. ಖಾಲಿ ನೀರಿನ ಬಾಟಲಿಗೆ ಮೇಲೆ ಹಾರ್ತಿರುವಾಗ ಮುಚ್ಚಳ ಹಾಕಿ ಬಿಗಿ ಮಾಡಿದ್ರೆ ಇಳಿದಾಗ ಅಪ್ಪಚ್ಚಿ ಆಗಿರುತ್ತೆ ಅಂತ ಮಕ್ಕಳಿಗೆ ಹೇಳಿದ್ದೆ. ಬೆಂಗಳೂರಲ್ಲಿ ನೋಡಿದ್ರೆ ಸ್ವಲ್ಪ ತಗ್ಗಾಗಿತ್ತು ಅಷ್ಟೇ. ಕಾರಣ ರೈಲಲ್ಲಿ ಕೂತು ಲೆಕ್ಕ ಹಾಕಿದ್ವಿ. ಎಟಿಆರ್ ಕೆಳಗೇ ಹಾರೋದ್ರಿಂದ ವಿಮಾನದ ಒಳಗಿನ ಗಾಳಿ ಅಷ್ಟೊಂದು ತೆಳು ಆಗಲ್ಲ, ಬೆಂಗಳೂರೇ ಸಮುದ್ರಕ್ಕಿಂತ ಒಂಬೈನೂರು ಮೀಟರು ಮೇಲಿದೆ, ವ್ಯತ್ಯಾಸ ಎಲ್ಲಿಂದ ಬರಬೇಕು. ದೊಡ್ಡ ಜೆಟ್ಟಲ್ಲಿ ಹೋಗಿ ಕರಾವಳಿಯಲ್ಲಿ ಇಳಿಯೋರು ಮಾಡಿ ನೋಡಿ, ಚೆನ್ನಾಗಿ ಬರಬೇಕು. ಎಟಿಆರ್ ಕೆಳಗೆ ಹಾರೋದ್ರಿಂದ ಇನ್ನೊಂದು ಲಾಭ, ಕಿವಿ ನೋವು ಕಮ್ಮಿ. ಇಳಿಯೋಕೆ ಶುರುವಾದಾಗ ಎಲ್ಲರ ಬಾಯಿಗೂ ಪೆಪ್ಪರ್‌ಮೆಂಟು, ಶೀತ ಆಗಿದ್ದ ಇಬ್ಬರಿಗೆ ಮಾತ್ರ ಸ್ವಲ್ಪ ನೋವಾಯ್ತು. ವಾಂತಿ ಒಬ್ಬರೂ ಮಾಡಲಿಲ್ಲ, ಬಸ್ಸಲ್ಲಿ ಆಯನೂರು ದಾಟೋದ್ರೊಳಗೆ ಮಾಡ್ಕೊಳೋ ಹುಡುಗನೂ ಸೇರಿ. ಬೆಳಿಗ್ಗೆ ಎರಡೇ ಇಡ್ಲಿ ಕೊಟ್ಟಿದ್ದೆ, ಚಟ್ನಿ ಇಲ್ಲ.

ಗಗನಸಖಿ ಮೈಕಲ್ಲಿ ನಮ್ಮ ಶಾಲೆ ಹೆಸರು ಹೇಳಿ ಕನ್ನಡದಲ್ಲೇ ಸ್ವಾಗತ ಮಾಡಿದ್ರು, ಇಳಿಯುವಾಗ ಪೈಲಟ್ ಜೊತೆ ಫೋಟೋನೂ ಆಯ್ತು. ಅದನ್ನ ಹೇಗೆ ಮಾಡ್ಸಿದೆ ಅಂತ ಬಹಳ ಜನ ಮೇಷ್ಟ್ರು ಫೋನ್ ಮಾಡಿ ಕೇಳಿದಾರೆ. ಅದು ನನ್ನಲ್ಲೇ ಇರ್ಲಿ.

ಬೆಂಗಳೂರಲ್ಲಿ ಒಂದೇ ಜಾಗ, ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ. ಅಲ್ಲಿ ರೈಟ್ ಸಹೋದರರ ವಿಮಾನದ ಪೂರ್ತಿ ಸೈಜಿನ ಮಾದರಿ ಇದೆ. ಬೇರೆ ಶಾಲೆ ಮಕ್ಕಳು ಎರಡು ನಿಮಿಷ ನೋಡಿ ಮುಂದೆ ಹೋಗ್ತಿದ್ರು, ನಮ್ಮವರು ಅಲ್ಲೇ ನಿಂತುಬಿಟ್ರು, ಒಂದೂವರೆ ಗಂಟೆ ಹಿಂದೆ ತಾನೇ ಹಾರಿ ಬಂದಿದಾರಲ್ಲ. ಆಮೇಲೆ ಊಟ, ಮೆಜೆಸ್ಟಿಕ್ಕು, ಐದೂಕಾಲರ ಜನಶತಾಬ್ದಿ ರೈಲಲ್ಲಿ ವಾಪಸ್.

ಖರ್ಚು ನೆನಪಿನ ಮೇಲೆ: ಟಿಕೆಟು ಅರವತ್ತೆರಡು ಸಾವಿರ, ಸೀಟಿಗೆ ನಾಕೂವರೆ, ಊರಿಂದ ಸೋಗಾನೆಗೂ ರಾತ್ರಿ ಸ್ಟೇಷನ್ನಿಂದ ಮನೆಗೂ ಟೆಂಪೋ ಮೂರೂವರೆ, ಬೆಂಗಳೂರಲ್ಲಿ ಮಿನಿ ಬಸ್ಸು ಏಳೂವರೆ, ರೈಲು ನಾಕು, ಊಟ ತಿಂಡಿ ಮ್ಯೂಸಿಯಂ ಸೇರಿ ಆರು. ಎಂಬತ್ತೇಳು ಎಂಬತ್ತೆಂಟರಲ್ಲಿ ಮುಗೀತು. ಮಕ್ಕಳು ತಲಾ ಆರುನೂರು ಕೊಟ್ಟಿದ್ರು, ಹಳೇ ವಿದ್ಯಾರ್ಥಿಗಳು ಮೂವತ್ತು ಸಾವಿರ, ಅಡಿಕೆ ಬೆಳೆಗಾರರು ಹದಿನೈದು, ಗಣಪತಿ ಕಮಿಟಿ ಉಳಿಕೆ ಹತ್ತು, ಬಾಕಿ ನಾವು ಮೂರು ಜನ ಟೀಚರ್ಸ್ ಹಾಕಿದ್ದು. ಆರುನೂರು ಕೊಡೋಕೆ ಆಗದ ಮನೆ ಇದ್ವು, ಅವು ಯಾವುವು ಅಂತ ಮಕ್ಕಳಿಗೆ ಗೊತ್ತಾಗದ ಹಾಗೆ ನೋಡ್ಕೊಂಡ್ವಿ. ಪ್ರವಾಸದ ದುಡ್ಡನ್ನ ಕ್ಲಾಸಲ್ಲಿ ಹೆಸರು ಕೂಗಿ ವಸೂಲಿ ಮಾಡೋರ ಮೇಲೆ ನನಗೆ ಬಹಳ ಸಿಟ್ಟಿದೆ.

ಕಲಬುರಗಿ, ಬೀದರ್ ಕಡೆಯ ಮೇಷ್ಟ್ರುಗಳು ಕೇಳ್ತಿದ್ರು, ಸ್ಟಾರ್ ಏರ್ ಕಂಪನಿಯವರ ಎಂಬ್ರೇಯರ್ 145 ವಿಮಾನ ಎಲ್ಲಾದ್ರೂ ಸಿಕ್ಕಿದ್ರೆ ಒಂದು ಕಡೆ ಒಂದೇ ಸೀಟು, ಅಂದ್ರೆ ಸಾಲಿಗೆ ಮೂರು ಸೀಟಲ್ಲಿ ಎರಡು ಕಿಟಕಿ, ಜೋಡಿ ಲೆಕ್ಕ ಇನ್ನೂ ಸಲೀಸು. ಜೆಟ್ಟು ಆದ್ರಿಂದ ಮೇಲೆ ಹಾರುತ್ತೆ, ಕೆರೆ ನಕ್ಷೆ ಬದಲು ನದಿ ನಕ್ಷೆ ಕೊಡಿ. ಬುಕ್ ಮಾಡೋ ಮುಂಚೆ ಯಾವ ವಿಮಾನ ಅಂತ ಟಿಕೆಟ್ ಪುಟದಲ್ಲೇ ಇರುತ್ತೆ, ನೋಡ್ಕೊಳಿ. ಈ ವರ್ಷದ ಆರನೇ ಕ್ಲಾಸಿನ ಅಪ್ಪಂದಿರು ಈಗ್ಲೇ ಬಂದು ಕೇಳ್ತಿದಾರೆ, ಜೋಗಕ್ಕೆ ಹೋಗಿ ಅಂದಿದ್ದ ಆ ಮನುಷ್ಯನ ಕಿರಿಮಗನೂ ಅದೇ ಕ್ಲಾಸಲ್ಲೇ ಇದಾನೆ, ಮೊದಲ ಐನೂರು ರೂಪಾಯಿ ಅವರೇ ತಂದು ಕೊಟ್ಟಿದ್ದು.